ಪಿಯಾನೋ ಇಲ್ಲದ ಸೀಮೆಯಲ್ಲಿ ಪಿಯಾನೋ ನಾದ

ಕೀಬೋರ್ಡಿನಿಂದ ಪಿಯಾನೋ ನಾದವನ್ನು ಹೊರಡಿಸುವ ಪ್ರಯತ್ನದ ಚರಿತ್ರೆಯನ್ನು ಮೆಮೊರಿ ಬೆಳೆದ ಕಥೆಯಾಗಿಯೇ ಹೇಳುವುದು ಇತ್ತೀಚಿನ ರೂಢಿಯಾಗಿದೆ. ಮೆಗಾಬೈಟುಗಳು ಗಿಗಾಬೈಟುಗಳಾದಂತೆ ನಾದವೂ ಅಷ್ಟೇ ಪಾಲು ಸಹಜವಾಯಿತೆಂಬ ಈ ಲೆಕ್ಕ ಅಂಗಡಿಯ ವ್ಯವಹಾರಕ್ಕೆ ಒದಗಬಹುದೇ ಹೊರತು ರಂಗದ ಅನುಭವಕ್ಕೆ ಒದಗುವುದಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳ ಪೌರಾಣಿಕ ನಾಟಕಗಳಲ್ಲಿ, ಜಾತ್ರೆಯ ಆರ್ಕೆಸ್ಟ್ರಾಗಳಲ್ಲಿ ಈ ನಾದ ಯಾರ ಕೈಯಿಂದ ಹೇಗೆ ಬಂತು ಎಂಬುದನ್ನು ಗಮನಿಸಿದರೆ ಆ ಕಥೆಯ ಅರ್ಧ ಭಾಗ ಬರೆಯದೇ ಉಳಿದಿರುವುದು ತಿಳಿಯುತ್ತದೆ.

ಪಿಯಾನೋದ 88 ಮನೆಗಳಿಗೆ ಸುಮಾರು 230 ತಂತಿಗಳಿದ್ದು, ಕೆಳಗಿನ ಮಂದ್ರದ ಮನೆಗಳಿಗೆ ಒಂದೊಂದು ತಂತಿಯಾದರೆ ಮೇಲಿನವಕ್ಕೆ ಮೂರು ಮೂರು ಇರುತ್ತವೆ. ಬೆರಳು ಮೆಲ್ಲಗೆ ಒತ್ತಿದಾಗ ಸುತ್ತಿಗೆಗೆ ಹೊದಿಸಿದ ಉಣ್ಣೆ ಮೆತ್ತಗೇ ಉಳಿದು ನಾದ ದುಂಡಗೆ ಬರುತ್ತದೆ. ಬಿರುಸಾಗಿ ಬಡಿದಾಗ ಅದೇ ಉಣ್ಣೆ ಅದುಮಿಕೊಂಡು ಗಡಸಾಗಿ, ಮೂಲಸ್ವರದ ಜೊತೆಗೆ ಏಳುವ ಸೂಕ್ಷ್ಮ ಮೇಲ್ಸ್ವರಗಳು, ಅಂದರೆ ಉಪಸ್ವರಗಳು, ಹೆಚ್ಚಾಗಿ ನಾದಕ್ಕೆ ಹೊಳಪು ಬರುತ್ತದೆ. ಒಂದೇ ಮನೆಯ ಮೂರು ತಂತಿಗಳು ಕೂದಲೆಳೆಯಷ್ಟು ಬೇರೆ ಶ್ರುತಿಯಲ್ಲಿದ್ದು ಒಂದೇ ಕುದುರೆಯ (ಬ್ರಿಡ್ಜ್) ಮೇಲೆ ಕೂಡುವುದರಿಂದ ನಾದ ಮೊದಲು ಬೇಗನೆ ಇಳಿದು, ಉಳಿದದ್ದು ಬಹಳ ಹೊತ್ತು ತೇಲುತ್ತದೆ ಎಂಬುದನ್ನು ಭೌತವಿಜ್ಞಾನಿ ಗೇಬ್ರಿಯಲ್ ವೈನ್‌ರೈಕ್ 1977ರಲ್ಲಿ ವಿವರಿಸಿದರು. ಪೆಡಲ್ ತುಳಿದಾಗಲಂತೂ ಬಡಿಯದ ತಂತಿಗಳೂ ಅನುರಣಿಸುತ್ತವೆ. ಇಷ್ಟನ್ನೂ ಒಂದು ಪೆಟ್ಟಿಗೆಯೊಳಗೆ ತರುವುದೇ ಈ ಕ್ಷೇತ್ರದ ಸಮಸ್ಯೆ.

ನಿಜವಾದ ಪಿಯಾನೋ ಕರ್ನಾಟಕದಲ್ಲಿ ಅರಮನೆ, ಚರ್ಚು, ದಂಡಿನ ಪ್ರದೇಶದ ಬಂಗಲೆಗಳನ್ನು ದಾಟಿ ಹೆಚ್ಚು ದೂರ ಬರಲಿಲ್ಲ. ಸ್ವತಃ ಪಿಯಾನೋ ಅಭ್ಯಾಸ ಮಾಡಿದ್ದ ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು ರಷ್ಯಾದ ಸಂಗೀತ ರಚನಕಾರ ನಿಕೊಲಾಯ್ ಮೆಟ್ನರನ ಕೃತಿಗಳ ಧ್ವನಿಮುದ್ರಣಕ್ಕೆ 1940ರ ದಶಕದ ಕೊನೆಯಲ್ಲಿ ನೆರವಾದದ್ದು ಪ್ರಸಿದ್ಧ ಸಂಗತಿಯಾದರೂ ಅದರ ಪ್ರಭಾವ ಬಯಲುಸೀಮೆಯನ್ನು ಮುಟ್ಟಲಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯ ಒಣಹವೆಯಲ್ಲಿ ಪಿಯಾನೋದ ನಾದಫಲಕದ ಮರ ಬಿರಿಯುವ ಭಯವೂ ಇತ್ತು, ಶ್ರುತಿ ಮಾಡುವವರು ಹತ್ತಿರದಲ್ಲಿ ಇರಲೂ ಇಲ್ಲ. ಇಲ್ಲಿಗೆ ಬಂದದ್ದು ಫ್ರಾನ್ಸಿನಲ್ಲಿ 1842ರಲ್ಲಿ ಪೇಟೆಂಟ್ ಪಡೆದು, ಕಲ್ಕತ್ತೆಯಲ್ಲಿ ಕೈತಿದಿಯ ರೂಪ ತಾಳಿ, ನಾಟಕ ಕಂಪನಿಗಳ ಮೂಲಕ ಹಳ್ಳಿಗಳಿಗೆ ಹರಡಿದ ಹಾರ್ಮೋನಿಯಂ. ಮುಂದಿನದೆಲ್ಲಕ್ಕೂ ಈ ಸಂಗತಿಯೇ ತಳಹದಿ.

ಹೊರಜಗತ್ತಿನ ಬೆಳವಣಿಗೆಯನ್ನು ಚಿಕ್ಕದಾಗಿ ಹೇಳಬಹುದು. 1983ರಲ್ಲಿ ಬಂದ ಯಮಹಾ ಡಿಎಕ್ಸ್7, ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ವಿಧಾನದಿಂದ, ಅಂದರೆ ಒಂದು ಕಂಪನದಿಂದ ಮತ್ತೊಂದರ ಆವೃತ್ತಿಯನ್ನು ಅಲುಗಾಡಿಸಿ ಉಪಸ್ವರಗಳನ್ನು ಹುಟ್ಟಿಸುವ ಕ್ರಮದಿಂದ, ಎಲೆಕ್ಟ್ರಿಕ್ ಪಿಯಾನೋವನ್ನು ಮನಮೋಹಕವಾಗಿ ಅನುಕರಿಸಿತೇ ಹೊರತು ತಂತಿಯ ಪಿಯಾನೋವನ್ನಲ್ಲ. 1984ರ ಕುರ್ಜ್‌ವೈಲ್ 250 ನಿಜವಾದ ಪಿಯಾನೋದ ಮುದ್ರಿತ ತುಣುಕುಗಳನ್ನು, ಅಂದರೆ ಸ್ಯಾಂಪಲ್‌ಗಳನ್ನು, ಬಳಸಿತು. 1988ರ ಕೋರ್ಗ್ ಎಂ1 ತನ್ನ ಸಕಲ ವಾದ್ಯಗಳನ್ನೂ 4 ಮೆಗಾಬೈಟಿನಲ್ಲಿ ಅಡಗಿಸಿತ್ತು. ಧ್ವನಿಯನ್ನು ಹಾರ್ಡ್ ಡಿಸ್ಕಿನಿಂದಲೇ ಹರಿಸುವ ಗಿಗಾಸ್ಯಾಂಪ್ಲರ್ 1998ರಲ್ಲಿ ಬಂದ ಮೇಲೆ ಗಾತ್ರದ ಮಿತಿ ಬಿಟ್ಟುಹೋಗಿ, ಒಂದೊಂದು ಮನೆಯನ್ನೂ ಹತ್ತಾರು ಬಲಗಳಲ್ಲಿ ಮುದ್ರಿಸಿಡುವುದು ಸಾಧ್ಯವಾಯಿತು. ಇದಕ್ಕೆ ಎದುರು ಹಾದಿ 2006ರ ಪಿಯಾನೋಟೆಕ್ ತಂತ್ರಾಂಶದ್ದು. ಇದು ಮುದ್ರಿತ ಧ್ವನಿಯನ್ನೇ ಇಟ್ಟುಕೊಳ್ಳದೆ ಸುತ್ತಿಗೆ, ತಂತಿ, ಫಲಕಗಳ ವರ್ತನೆಯನ್ನು ಗಣಿತದಿಂದ ಆಗಿಂದಾಗ್ಗೆ ಲೆಕ್ಕ ಹಾಕುತ್ತದೆ. ಕೆಲವೇ ಮೆಗಾಬೈಟುಗಳ ಈ ಕಾರ್ಯಕ್ರಮ ಗಿಗಾಬೈಟುಗಳ ವಾದವನ್ನು ಬುಡದಿಂದಲೇ ಅಲುಗಿಸಿತೆಂಬುದನ್ನು ಒಪ್ಪಿಕೊಳ್ಳಲು ಮಾರುಕಟ್ಟೆಗೆ ಇನ್ನೂ ಮನಸ್ಸಿಲ್ಲ.

ಚಳ್ಳಕೆರೆ ಸೀಮೆಯಲ್ಲಿ ಕೀಬೋರ್ಡ್ ಹಾರ್ಮೋನಿಯಂ ಪಕ್ಕದಲ್ಲಿ ಬಂದು ಕೂತದ್ದು ಸಿನಿಮಾ ಹಾಡಿನ ಒತ್ತಾಸೆಯಿಂದ. ‘ಪ್ರೇಮಲೋಕ’ (1987) ಮತ್ತು ಅದರ ನಂತರದ ಹಂಸಲೇಖರ ಹಾಡುಗಳನ್ನು ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದ ಶ್ರೋತೃಗಳು ಆರ್ಕೆಸ್ಟ್ರಾದಿಂದಲೂ ಅದೇ ನಾದವನ್ನು ಬಯಸಿದರು. ಆರಂಭದ ಸಣ್ಣ ಕ್ಯಾಸಿಯೋಗಳಲ್ಲಿ ಹಲವಕ್ಕೆ ಬೆರಳಿನ ಬಲವೇ ತಿಳಿಯುತ್ತಿರಲಿಲ್ಲ, ಮೆಲ್ಲಗೆ ಒತ್ತಿದರೂ ಗುದ್ದಿದರೂ ಒಂದೇ ಧ್ವನಿ. ಸ್ಪರ್ಶ ಸಂವೇದನೆಯ ಕೀಬೋರ್ಡುಗಳು ಕೈಗೆಟಕಿದ ಮೇಲೆ ಬೆಳೆದ ತಲೆಮಾರು ಮಾಡಿದ ಕೆಲಸವನ್ನು ಯಾವ ಸಮೀಕ್ಷೆಯೂ ಸರಿಯಾಗಿ ಗುರುತಿಸಿಲ್ಲ. ತಯಾರಕರು ಕೊಟ್ಟ ಪಿಯಾನೋ ಧ್ವನಿಯನ್ನು ಹಾಗೇ ಒಪ್ಪದೆ, ಅದರ ಮೇಲೆ ಇನ್ನೊಂದು ಪಿಯಾನೋವನ್ನು ಒಂದೆರಡು ಕೂದಲೆಳೆಯಷ್ಟು ಶ್ರುತಿ ಸರಿಸಿ ಸಣ್ಣಗೆ ಸೇರಿಸುವುದು, ಒತ್ತಡ ಕಡಿಮೆಯಾದಾಗ ಹೊಳಪೂ ಕಡಿಮೆಯಾಗುವಂತೆ ಉಪಸ್ವರಗಳನ್ನು ಸೋಸುವ ಫಿಲ್ಟರನ್ನು ಸ್ಪರ್ಶಕ್ಕೆ ಕಟ್ಟಿಹಾಕುವುದು, ತುಂಬಿ ತುಳುಕುವ ರಿವರ್ಬನ್ನು, ಅಂದರೆ ಕೃತಕ ಅನುರಣನವನ್ನು, ಇಳಿಸುವುದು, ಪೆಡಲನ್ನು ಸ್ವರದೊಂದಿಗೇ ತುಳಿಯದೆ ಸ್ವರ ಹೊರಟ ಮರುಕ್ಷಣ ತುಳಿಯುವುದು, ಇವೆಲ್ಲ ಆ ತಲೆಮಾರು ಕೈಯಿಂದ ಕೈಗೆ ದಾಟಿಸಿದ ವಿದ್ಯೆಗಳು. ಪಿಯಾನೋ ಜೊತೆಗೆ ಸ್ಟ್ರಿಂಗ್ಸ್ ಸೇರಿಸಿ ಪೆಡಲ್ ಹಿಡಿದರೆ ಒಮ್ಮೆಗೆ 32 ಧ್ವನಿಗಳ ಮಿತಿಯ ಕೀಬೋರ್ಡಿನಲ್ಲಿ ಹಳೆಯ ಸ್ವರಗಳು ನಡುವೆಯೇ ಕತ್ತರಿಸಿಹೋಗುತ್ತವೆ ಎಂಬುದನ್ನೂ ಅವರು ರಂಗದ ಮೇಲೆಯೇ ಕಲಿತರು. ಮುಂದೆ ಬಂದ ರೋಲ್ಯಾಂಡ್ ಎಕ್ಸ್‌ಪಿಎಸ್-10ರಂಥ 61 ಮನೆಗಳ ಹಗುರ ವಾದ್ಯಗಳು ಈ ವಿದ್ಯೆಗೆ ಹೆಚ್ಚು ಅವಕಾಶ ಕೊಟ್ಟವು.

ಆದರೂ ನಾದ ಯಾಂತ್ರಿಕವಾಗಿಯೇ ಕೇಳುವ ಸಂದರ್ಭಗಳು ಬಹಳ. ಅದರ ಕಾರಣ ಯಂತ್ರಕ್ಕಿಂತ ಹೆಚ್ಚಾಗಿ ಹಾರ್ಮೋನಿಯಂ ಪಳಗಿಸಿದ ಕೈಯಲ್ಲಿದೆ. ಹಾರ್ಮೋನಿಯಂನಲ್ಲಿ ಏರಿಳಿತವೆಲ್ಲ ಎಡಗೈ ಒತ್ತುವ ತಿದಿಯ ಗಾಳಿಯದು. ಬಲಗೈ ಬೆರಳುಗಳಿಗೆ ಮನೆಯನ್ನು ತೆರೆದು ಮುಚ್ಚುವ ಕೆಲಸ ಮಾತ್ರ, ಎಷ್ಟು ಬಲವಾಗಿ ಒತ್ತಿದರೂ ಸ್ವರ ದೊಡ್ಡದಾಗುವುದಿಲ್ಲ. ಆ ಕೈ ಕೀಬೋರ್ಡಿಗೆ ಬಂದಾಗ ಬೆರಳುಗಳ ಬಲ ಕಿರಿದಾದ ಒಂದು ಪಟ್ಟಿಯೊಳಗೇ ಸುಳಿಯುತ್ತದೆ. ವಾದ್ಯಗಳ ನಡುವಣ ಸಂಕೇತಭಾಷೆಯಾದ ಮಿಡಿ ಬೆರಳಿನ ವೇಗಕ್ಕೆ 1ರಿಂದ 127ರವರೆಗೆ ಅಂಕಿ ಕೊಡುತ್ತದೆ. ಸ್ವರಗಳನ್ನು ಬಲದ 16 ಪದರಗಳಲ್ಲಿ ಮುದ್ರಿಸಿದ ಸಾಲಮಾಂಡರ್‌ನಂಥ ಉಚಿತ ಪಿಯಾನೋ ಸಂಗ್ರಹವನ್ನೇ ಜೋಡಿಸಿಕೊಟ್ಟರೂ ಈ ಕೈಗೆ ಅದರಲ್ಲಿ ಎರಡೋ ಮೂರೋ ಪದರಗಳು ಮಾತ್ರ ಮಿಡಿಯುತ್ತವೆ, ಉಳಿದ ಮೆಮೊರಿಯೆಲ್ಲ ಮಲಗಿಯೇ ಇರುತ್ತದೆ. ತಿದಿಯಿಂದ ಬಿಡುಗಡೆಯಾದ ಎಡಗೈಗಂತೂ ಹಿಂದಿನ ಪಾಠವೇ ಇಲ್ಲದ್ದರಿಂದ ಅದು ಮಂದ್ರದಲ್ಲಿ ಮೂರು ಸ್ವರಗಳನ್ನು ಒತ್ತೊತ್ತಾಗಿ ಹಿಡಿದು ನಾದವನ್ನು ಕಲಕಿಬಿಡುತ್ತದೆ. ಅಲ್ಲಿ ಷಡ್ಜ ಪಂಚಮಗಳನ್ನಷ್ಟೇ ಬಿಡಿಸಿಟ್ಟು ಗಾಂಧಾರವನ್ನು ಮೇಲಿನ ಸ್ಥಾಯಿಗೆ ಒಯ್ದರೆ ಅದೇ ಅಗ್ಗದ ಕೀಬೋರ್ಡ್ ತಟ್ಟನೆ ಪಿಯಾನೋದಂತೆ ಕೇಳುತ್ತದೆ.

ಧ್ವನಿವರ್ಧಕದ ಪಾಲೂ ಸಣ್ಣದಲ್ಲ. ಪಿಯಾನೋ ಸ್ಯಾಂಪಲ್‌ಗಳನ್ನು ಸಾಮಾನ್ಯವಾಗಿ ಎರಡು ಮೈಕುಗಳಿಂದ ಸ್ಟೀರಿಯೋದಲ್ಲಿ ಮುದ್ರಿಸಿರುತ್ತಾರೆ. ಈ ಸೀಮೆಯ ನಾಯಕನಹಟ್ಟಿಯ ಜಾತ್ರೆಯಲ್ಲಾಗಲಿ ಹಳ್ಳಿಯ ಬಯಲಿನಲ್ಲಾಗಲಿ ಒಂದೇ ಚಾನೆಲ್ಲಿನ ಮೂಲಕ ಅವೆರಡನ್ನೂ ಕೂಡಿಸಿದಾಗ, ಎರಡು ಮೈಕುಗಳಿಗೆ ನಾದ ಮುಟ್ಟಿದ ಹೊತ್ತಿನ ಅಂತರದಿಂದ ಕೆಲವು ಕಂಪನಗಳು ಒಂದನ್ನೊಂದು ಅಳಿಸಿ ನಾದ ಟೊಳ್ಳಾಗುತ್ತದೆ. ಮೋನೋ ಪಿಯಾನೋ ಎಂಬ ಧ್ವನಿಯೊಂದು ಅನೇಕ ಕೀಬೋರ್ಡುಗಳಲ್ಲಿ ಇರುವುದೇ ಇದಕ್ಕಾಗಿ. ಕಿವಿಗೆ ಹಚ್ಚಿದ ಹೆಡ್‌ಫೋನಿನಲ್ಲಿ ಅದು ಬಡವಾಗಿ ಕೇಳುವುದರಿಂದ ಯಾರೂ ಅದರತ್ತ ತಿರುಗುವುದಿಲ್ಲ.

ಈ ಕ್ಷೇತ್ರದಲ್ಲಿ ಉಳಿದಿರುವ ಕೊರತೆಗಳನ್ನು ಎಣಿಸುವಾಗ ಉಪಕರಣದ ಕೊರತೆ ಕೊನೆಯದು. ನಾಟಕದ ಮೇಷ್ಟ್ರು ಹಾರ್ಮೋನಿಯಂ ಕಲಿಸುವ ಕ್ರಮ ಗಟ್ಟಿಯಾಗಿ ಉಳಿದಿದೆ, ಕೀಬೋರ್ಡಿಗೆ ಅಂಥ ಕ್ರಮ ಬೆಳೆದಿಲ್ಲ. ನುಡಿಸುವವರು ಅದನ್ನು ಹಾರ್ಮೋನಿಯಂನ ಮುಂದುವರಿಕೆಯೆಂದೇ ತಿಳಿದು ಕೈಗೆತ್ತಿಕೊಳ್ಳುತ್ತಾರೆ. ವಾದ್ಯಗಳಲ್ಲಿರುವ ಸ್ಪರ್ಶದ ಆಯ್ಕೆಗಳು, ಯಾವ ಬಲಕ್ಕೆ ಎಷ್ಟು ಧ್ವನಿ ಎಂಬುದನ್ನು ನಿರ್ಧರಿಸುವ ವಕ್ರರೇಖೆಗಳು, ಭಾರದ ಮನೆಗಳ ಮೇಲೆ ಪಳಗಿದ ಕೈಯನ್ನು ಮನಸ್ಸಿನಲ್ಲಿಟ್ಟು ರೂಪುಗೊಂಡಂಥವು. ಹಾರ್ಮೋನಿಯಂ ಕೈಯ ಬಲವನ್ನು ಮಿಡಿಯಲ್ಲಿ ದಾಖಲಿಸಿ ಅದಕ್ಕೆ ಹೊಂದುವ ವಕ್ರರೇಖೆಯನ್ನು ಬರೆಯಲು ಒಂದು ಲ್ಯಾಪ್‌ಟಾಪ್, ಒಂದು ತಂತಿ, ಒಪ್ಪುವ ಕೆಲವು ವಾದಕರು ಸಾಕು. ಅದರ ಜೊತೆಗೆ ಒಂದೇ ಸ್ವರವನ್ನು ಪಿಸುಮಾತಿನಿಂದ ಕೂಗಿನವರೆಗೆ ಏರಿಸುವ, ಐದು ಬೆರಳುಗಳಲ್ಲಿ ಒಂದನ್ನು ಮಾತ್ರ ಗಟ್ಟಿಯಾಗಿ ನುಡಿಸುವ ಪಾಠಗಳನ್ನು ಸರಳೆ ಜಂಟಿವರಸೆಗಳ ಮಾದರಿಯಲ್ಲಿ ಕನ್ನಡದಲ್ಲಿ ಬರೆಯುವ ಕೆಲಸ ಬಾಕಿ ಇದೆ. ಅದು ಮೊದಲು ತಲುಪಬೇಕಾದದ್ದು ಸುಗ್ಗಿ ಮುಗಿದ ಮೇಲೆ ನಾಟಕದ ತಾಲೀಮಿಗೆ ಕೂರುವ ಊರುಗಳನ್ನು.