ಖಜಾನೆಯನ್ನು ಉಂಡವರು ಯಾರು?

ವೇತನ ಆಯೋಗದ ವರದಿ ಬಂತೆಂದರೆ ನಮ್ಮೂರಿನ ಚಹಾದಂಗಡಿಗಳಲ್ಲಿ ಎರಡು ಪಕ್ಷಗಳಾಗುತ್ತವೆ. ಜನರ ತೆರಿಗೆಯನ್ನೆಲ್ಲ ಸರಕಾರಿ ನೌಕರರೇ ಉಣ್ಣುತ್ತಿದ್ದಾರೆ ಎಂಬುದು ಒಂದು ಪಕ್ಷದ ವಾದ. ಬೆಲೆ ಏರಿದ ಮೇಲೆ ಸಂಬಳ ಏರಬಾರದೇ ಎಂಬುದು ಇನ್ನೊಂದು ಪಕ್ಷದ ಪ್ರಶ್ನೆ. 2024ರ ಜುಲೈಯಲ್ಲಿ ಕರ್ನಾಟಕ ಸರಕಾರವು ಏಳನೇ ರಾಜ್ಯ ವೇತನ ಆಯೋಗದ ಶಿಫಾರಸನ್ನು ಒಪ್ಪಿಕೊಂಡಾಗಲೂ ಹೀಗೆಯೇ ಆಯಿತು. ಅದರಿಂದ ಖಜಾನೆಯ ಮೇಲೆ ವರ್ಷಕ್ಕೆ 20,208 ಕೋಟಿ ರೂಪಾಯಿಯ ಹೆಚ್ಚುವರಿ ಹೊರೆ ಎಂಬ ಅಂಕಿ ಎಲ್ಲರ ಬಾಯಲ್ಲೂ ಓಡಾಡಿತು. ಆ ಹೊರೆಯೊಳಗೆ ಯಾರ ಪಾಲು ಎಷ್ಟು ಎಂದು ಕೇಳಿದವರು ಕಡಿಮೆ.

ಈ ಜಗಳ ಹೊಸದಲ್ಲ. ನಮ್ಮ ಮನೆಮಾತಿನಲ್ಲಿ ಸಂಬಳಕ್ಕೆ 'ತನಖಾ' ಎನ್ನುತ್ತೇವೆ. ತಿಂಗಳ ಮೊದಲ ವಾರದಲ್ಲಿ ನಮ್ಮ ತಾಯಿ ಅದನ್ನು ಹಾಲಿನವನಿಗೆ, ದಿನಸಿ ಅಂಗಡಿಗೆ, ಬಾಡಿಗೆಗೆ ಎಂದು ಮಡಿಕೆ ಮಡಿಕೆಯಾಗಿ ಕಾಗದದಲ್ಲಿ ಸುತ್ತಿಡುತ್ತಿದ್ದರು. ಮೂಲ ಫಾರಸಿಯಲ್ಲಿ ಇದು 'ತನ್‌ಖ್ವಾಹ್'. 'ತನ್' ಎಂದರೆ ದೇಹ, 'ಖ್ವಾಹ್' ಎಂದರೆ ಬೇಡುವುದು. ದೇಹ ಬೇಡುವುದೇ ತನಖಾ. ಕನ್ನಡದ 'ಸಂಬಳ'ದ ಮೂಲವಾದ 'ಶಂಬಲ'ಕ್ಕೂ ದಾರಿಬುತ್ತಿ ಎಂದೇ ಅರ್ಥ. ಉತ್ತರ ಕರ್ನಾಟಕದವರ 'ಪಗಾರ' ಪೋರ್ಚುಗೀಸರಿಂದ ಬಂದದ್ದು. ಆದರೆ ಮೊಗಲರ ದಫ್ತರಗಳಲ್ಲಿ ತನ್‌ಖ್ವಾಹ್ ಎಂಬುದಕ್ಕೆ ಬೇರೊಂದು ಅರ್ಥವಿತ್ತು. ಸಂಬಳಕ್ಕೆ ಬದಲಾಗಿ ಇಂಥ ಹಳ್ಳಿಗಳ ಕಂದಾಯವನ್ನು ನೀನೇ ವಸೂಲು ಮಾಡಿಕೋ ಎಂದು ಬರೆದುಕೊಡುವ ಆಜ್ಞೆಗೂ ಅದೇ ಹೆಸರು. ಕೈಗೆ ಬರುವ ಹಣಕ್ಕೂ ವಸೂಲಿಯ ಹಕ್ಕಿಗೂ ಒಂದೇ ಪದ. ಈ ಎರಡರ ನಡುವಿನ ಅಂತರವೇ ನಾವು ಇಲ್ಲಿ ಹೇಳಹೊರಟಿರುವ ಕಥೆ.

ದಿಲ್ಲಿಯ ಸುಲ್ತಾನ ಅಲಾವುದ್ದೀನ್ ಖಿಲ್ಜಿಯಿಂದ (1296-1316) ಆರಂಭಿಸೋಣ. ಮಂಗೋಲರ ದಾಳಿಯನ್ನು ತಡೆಯಲು ಅವನಿಗೆ ದೊಡ್ಡ ಸೈನ್ಯ ಬೇಕಿತ್ತು. ಆ ಸೈನ್ಯಕ್ಕೆ ಹಳ್ಳಿಗಳನ್ನು ಹಂಚುವ ಬದಲು ಖಜಾನೆಯಿಂದ ನಗದು ಸಂಬಳ ಕೊಡಬೇಕೆಂಬುದು ಅವನ ನಿರ್ಧಾರವಾಗಿತ್ತು. ಕುದುರೆ ಸವಾರನಿಗೆ ವರ್ಷಕ್ಕೆ 234 ಟಂಕ ಎಂದು ಇತಿಹಾಸಕಾರ ಜಿಯಾವುದ್ದೀನ್ ಬರನಿ ದಾಖಲಿಸಿದ್ದಾನೆ. ಇಷ್ಟರಲ್ಲಿ ಸೈನಿಕನ ಸಂಸಾರ ನಡೆಯಬೇಕಲ್ಲ? ಇಂದಿನ ಸರಕಾರಗಳು ಬೆಲೆ ಏರಿದಾಗ ತುಟ್ಟಿಭತ್ಯೆ ಏರಿಸುತ್ತವೆ. ಅಲಾವುದ್ದೀನ್ ಸಂಬಳವನ್ನು ಅಲ್ಲೇ ನಿಲ್ಲಿಸಿ ಬೆಲೆಯನ್ನೇ ಇಳಿಸಿದ. ಒಂದು ಮಣ ಗೋಧಿಗೆ ಏಳೂವರೆ ಜೀತಲ್, ಬಾರ್ಲಿಗೆ ನಾಲ್ಕು ಜೀತಲ್ ಎಂದು ದರ ಗೊತ್ತುಮಾಡಿ, ಮಂಡಿಗಳ ಮೇಲೆ ಶಹನಾ ಎಂಬ ಅಧಿಕಾರಿಯನ್ನು ಕೂರಿಸಿದ.

ಸೈನಿಕನಿಗೆ ಇದು ಅನುಕೂಲವಾಯಿತು ನಿಜ. ಆದರೆ ಅದರ ಬೆಲೆ ತೆತ್ತವನು ರೈತ. ಗಂಗಾ-ಯಮುನಾ ದೋಆಬ್‌ನಲ್ಲಿ ಬೆಳೆಯ ಅರ್ಧ ಭಾಗ ಕಂದಾಯವಾಗಿ ಹೋಗುತ್ತಿತ್ತು. ಸುಲ್ತಾನ ಸತ್ತೊಡನೆ ಅವನ ಮಗ ಕುತುಬುದ್ದೀನ್ ಮುಬಾರಕ್ ಈ ಕಟ್ಟುಪಾಡುಗಳನ್ನು ಕೈಬಿಟ್ಟ. ನಗದು ಸಂಬಳ ಎಂದರೆ ಬರೀ ನಾಣ್ಯವಲ್ಲ. ಅದರ ಹಿಂದೆ ಲೆಕ್ಕ ಬರೆಯುವವರು, ಅಳೆಯುವವರು, ಕಾಯುವವರು ಎಲ್ಲರೂ ಬೇಕು. ಅಂಥ ಆಡಳಿತವನ್ನು ಕಟ್ಟುವುದು ಕಷ್ಟ, ಉಳಿಸಿಕೊಳ್ಳುವುದು ಇನ್ನೂ ಕಷ್ಟ.

ಫಿರೋಜ್ ಷಾ ತುಘಲಕ್ (1351-88) ಸುಲಭದ ದಾರಿ ಹಿಡಿದ. ಸೈನಿಕರಿಗೆ ಹಳ್ಳಿಗಳ ಕಂದಾಯವನ್ನೇ ಸಂಬಳವಾಗಿ ಬರೆದುಕೊಟ್ಟ. ಹಳ್ಳಿ ಸಿಗದವರಿಗೆ ಚೀಟಿ. ಅದನ್ನು ಹಿಡಿದು ದೂರದ ಜಿಲ್ಲೆಗೆ ಹೋಗಿ ಅಲ್ಲಿನ ಅಧಿಕಾರಿಯಿಂದ ಹಣ ಪಡೆಯಬೇಕು. ಅಫೀಫ್ ಎಂಬ ಇತಿಹಾಸಕಾರ ಈ ಚೀಟಿಗಳ ಗತಿಯನ್ನು ವಿವರಿಸಿದ್ದಾನೆ. ಜಿಲ್ಲೆಯಲ್ಲಿ ಕೈಗೆ ಸಿಗುತ್ತಿದ್ದುದು ಬರೆದ ಮೊತ್ತದ ಅರ್ಧ. ಅಷ್ಟು ದೂರ ಹೋಗಲಾರದ ಸೈನಿಕ ದಿಲ್ಲಿಯಲ್ಲೇ ದಲ್ಲಾಳಿಗೆ ಚೀಟಿ ಮಾರುತ್ತಿದ್ದ. ದಲ್ಲಾಳಿ ಕೊಡುತ್ತಿದ್ದುದು ಮೂರರಲ್ಲಿ ಒಂದು ಪಾಲು. ರಾಜ್ಯದ ಲೆಕ್ಕದಲ್ಲಿ ಪೂರ್ತಿ ಸಂಬಳ ಸಂದಾಯ. ಸೈನಿಕನ ಮನೆಗೆ ಬಂದದ್ದು ಮೂರನೇ ಒಂದು. ನಡುವೆ ಕೆಲವರು ಶ್ರೀಮಂತರಾದರು.

ಅಫೀಫ್ ಹೇಳುವ ಇನ್ನೊಂದು ಪ್ರಸಂಗ ಕಥೆಗಾರರಾದ ನಮಗೆ ಮರೆಯಲಾಗದ್ದು. ಕುದುರೆಯನ್ನು ತಪಾಸಣೆಗೆ ಹಾಜರುಪಡಿಸಲಾಗದ ಸೈನಿಕನೊಬ್ಬ ತನ್ನ ಜೊತೆಗಾರನ ಬಳಿ ಗೋಳು ತೋಡಿಕೊಳ್ಳುತ್ತಿದ್ದುದು ಸುಲ್ತಾನನ ಕಿವಿಗೆ ಬಿತ್ತು. ಕರೆದು ವಿಚಾರಿಸಿದ. ಗುಮಾಸ್ತನಿಗೆ ಒಂದು ಚಿನ್ನದ ಟಂಕ ಕೊಟ್ಟರೆ ಕೆಲಸವಾಗುತ್ತದೆ, ತನ್ನ ಬಳಿ ಅದಿಲ್ಲ ಎಂದ ಸೈನಿಕ. ಸುಲ್ತಾನ ಗುಮಾಸ್ತನನ್ನು ದಂಡಿಸಲಿಲ್ಲ. ಲಂಚ ಕೊಡಲು ಬೇಕಾದ ಆ ಚಿನ್ನದ ನಾಣ್ಯವನ್ನು ಸೈನಿಕನ ಕೈಗೆ ಹಾಕಿಸಿದ! ಅಫೀಫನಿಗೆ ಇದು ಸುಲ್ತಾನನ ಕರುಣೆಯಾಗಿ ಕಂಡಿದೆ. ನಮಗೆ ಕಾಣುವುದು, ತನ್ನ ಖಜಾನೆಯಿಂದಲೇ ತನ್ನ ಗುಮಾಸ್ತನಿಗೆ ಲಂಚ ಕೊಟ್ಟ ಒಂದು ರಾಜ್ಯ.

ಎರಡು ಶತಮಾನಗಳ ಬಳಿಕ ಅಕ್ಬರ್ ಮತ್ತೆ ನಗದಿನ ಪ್ರಯೋಗಕ್ಕೆ ಕೈಹಾಕಿದ. 1574-75ರ ಸುಮಾರಿಗೆ ಜಾಗೀರುಗಳನ್ನು ಹಿಂಪಡೆದು, ಕರೋಡಿಗಳೆಂಬ ಅಧಿಕಾರಿಗಳನ್ನು ನೇಮಿಸಿ, ಕಂದಾಯವನ್ನು ನೇರವಾಗಿ ಖಜಾನೆಗೆ ತರಲು ನೋಡಿದ. ಕೆಲವೇ ವರ್ಷಗಳಲ್ಲಿ ಜಾಗೀರು ಮತ್ತೆ ಬಂತು. ಆದರೆ ಅವನ ಕಾಲದಲ್ಲಿ ಯಾರಿಗೆ ಎಷ್ಟು ಎಂಬುದಕ್ಕೆ ಒಂದು ಶ್ರೇಣಿ ಏರ್ಪಟ್ಟಿತು. ಅದೇ ಮನ್ಸಬ್. ಪ್ರತಿ ಮನ್ಸಬ್‌ದಾರನಿಗೂ ಅವನ ಸ್ವಂತ ಸಂಬಳ ಗೊತ್ತುಮಾಡುವ 'ಜಾತ್' ಸಂಖ್ಯೆ, ಅವನು ಸಾಕಬೇಕಾದ ಕುದುರೆ ಸವಾರರ ಲೆಕ್ಕಕ್ಕೆ 'ಸವಾರ್' ಸಂಖ್ಯೆ. ನಮ್ಮ ಇಂದಿನ ವೇತನ ಶ್ರೇಣಿಗಳನ್ನು ನೋಡಿದಾಗಲೆಲ್ಲ ಇದು ನೆನಪಾಗುತ್ತದೆ.

ಅಬುಲ್ ಫಜಲನ 'ಆಯಿನ್-ಎ-ಅಕ್ಬರಿ'ಯಲ್ಲಿ ಈ ದರಗಳೆಲ್ಲ ಇವೆ. ಐದು ಸಾವಿರದ ಮನ್ಸಬ್‌ದಾರನಲ್ಲಿ ಮೊದಲ ದರ್ಜೆಯವನಿಗೆ ತಿಂಗಳಿಗೆ 30,000 ರೂಪಾಯಿ. ಸಾಮಾನ್ಯ ಕೂಲಿಯಾಳಿಗೆ ದಿನಕ್ಕೆ 2 ದಾಮ್. ಒಂದು ರೂಪಾಯಿಗೆ 40 ದಾಮ್ ಆದ್ದರಿಂದ ತಿಂಗಳಿಡೀ ದುಡಿದರೂ ಅವನಿಗೆ ಸಿಗುವುದು ಒಂದೂವರೆ ರೂಪಾಯಿ. ದೊಡ್ಡ ಮನ್ಸಬ್‌ದಾರ ಆ ಹಣದಲ್ಲೇ ಆನೆ, ಕುದುರೆ, ಒಂಟೆ, ಗಾಡಿಗಳನ್ನು ಸಾಕಬೇಕಿತ್ತು ಎಂಬುದನ್ನು ಮರೆಯಬಾರದು. ಅದನ್ನೆಲ್ಲ ಕಳೆದರೂ ಇಬ್ಬರ ನಡುವೆ ಉಳಿಯುವ ಅಂತರ ಸಾವಿರಾರು ಪಟ್ಟು.

ಸಾಮ್ರಾಜ್ಯದ ಒಟ್ಟು ಆದಾಯದಲ್ಲಿ ಈ ಸಂಬಳಗಳ ಪಾಲೆಷ್ಟು? ಅಲಿಗಢದ ಇತಿಹಾಸಕಾರ್ತಿ ಶಿರೀನ್ ಮೂಸ್ವಿ 1595ರ ಸುಮಾರಿನ ಮೊಗಲ್ ಆರ್ಥಿಕತೆಯ ಬಗ್ಗೆ 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 'ಆಯಿನ್'ನ ಅಂಕಿಗಳನ್ನು ಒಂದೊಂದಾಗಿ ಕೂಡಿ ನೋಡಿದ್ದಾರೆ. ಅವರ ಲೆಕ್ಕದ ಪ್ರಕಾರ ಸುಮಾರು ಐದರಲ್ಲಿ ನಾಲ್ಕು ಪಾಲು ಮನ್ಸಬ್‌ದಾರರಿಗೂ ಅವರ ಸವಾರರಿಗೂ ಹೋಗುತ್ತಿತ್ತು. ಅರಮನೆ, ಕಾರಖಾನೆ, ಕಟ್ಟಡ, ದಾನಧರ್ಮ ಎಲ್ಲವೂ ಉಳಿದ ಒಂದು ಪಾಲಿನಲ್ಲಿ. ಷಾಜಹಾನನ ಕಾಲದ ಅಂಕಿ ಇನ್ನಷ್ಟು ಮಾತಾಡುತ್ತದೆ. 1647ರಲ್ಲಿ ಇದ್ದ ಸುಮಾರು 8,000 ಮನ್ಸಬ್‌ದಾರರಲ್ಲಿ ಮೇಲಿನ 445 ಮಂದಿಗೆ, ಅಂದರೆ ಶೇಕಡಾ 5.6ರಷ್ಟು ಜನಕ್ಕೆ, ಅಂದಾಜು ಆದಾಯದ ಶೇಕಡಾ 61.5 ಮೀಸಲು. ಇದರಲ್ಲಿ ಅವರ ಸವಾರರ ಸಂಬಳವೂ ಸೇರಿತ್ತು ಎನ್ನುವುದು ಸರಿಯೇ. ಆದರೆ ಹಣ ಹಾದುಹೋಗುತ್ತಿದ್ದುದು ಆ 445 ಕೈಗಳಿಂದ. ಸವಾರನಿಗೆ ಎಷ್ಟು ಇಳಿಯಿತು ಎಂಬುದು ಆ ಕೈಗಳ ಮರ್ಜಿ.

ಕಾಗದದ ಮೇಲಿನ ಆದಾಯಕ್ಕೆ 'ಜಮಾ' ಎಂದೂ, ನಿಜವಾಗಿ ವಸೂಲಾದದ್ದಕ್ಕೆ 'ಹಾಸಿಲ್' ಎಂದೂ ಹೆಸರು. ಜಮಾ ಬೆಳೆಯುತ್ತಾ ಹೋಯಿತು, ಹಾಸಿಲ್ ಹಿಂದುಳಿಯಿತು. ಆಗ ಷಾಜಹಾನನ ದಿವಾನರು ತಿಂಗಳ ಲೆಕ್ಕ ಎಂಬ ಉಪಾಯ ಕಂಡುಕೊಂಡರು. ಹನ್ನೆರಡು ತಿಂಗಳ ಸಂಬಳದ ಜಾಗೀರಿನಲ್ಲಿ ಎಂಟೇ ತಿಂಗಳ ಹಣ ಹುಟ್ಟಿದರೆ ಅದು 'ಎಂಟು ತಿಂಗಳ' ಜಾಗೀರು. ಕೆಲವು ಆರು ತಿಂಗಳದ್ದು, ದಖ್ಖನಿನಲ್ಲಿ ನಾಲ್ಕು ತಿಂಗಳದ್ದೂ ಇತ್ತು. ಸಂಬಳ ಕಡಿಮೆಯಾದಷ್ಟು ಸವಾರರ ಸಂಖ್ಯೆಯೂ ಕಡಿಮೆಯಾಗಬಹುದೆಂದು ನಿಯಮ ಬಂತು. ಜಾಗೀರು ಇರುವ ಸುಬಾದಲ್ಲೇ ಕೆಲಸವಿದ್ದರೆ ಸವಾರ್ ಸಂಖ್ಯೆಯ ಮೂರರಲ್ಲಿ ಒಂದು, ಬೇರೆ ಸುಬಾದಲ್ಲಿದ್ದರೆ ನಾಲ್ಕರಲ್ಲಿ ಒಂದು ಪಾಲು ಸವಾರರನ್ನು ತೋರಿಸಿದರೆ ಸಾಕು. ಪದವಿಯ ಸಂಖ್ಯೆ ಮಾತ್ರ ಇಳಿಯಲಿಲ್ಲ.

ಜಾಗೀರುದಾರನನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗಾಯಿಸುವುದು ರೂಢಿ. ನಾಳೆ ಬಿಟ್ಟುಹೋಗುವ ಹಳ್ಳಿಯಲ್ಲಿ ಕೆರೆ ಕಟ್ಟಿಸಿ ಅವನಿಗೇನು ಲಾಭ? ಸಿಕ್ಕಷ್ಟು ದಿನದಲ್ಲಿ ಸಿಕ್ಕಷ್ಟು ಹಿಂಡುವ ಈ ಒತ್ತಡವೇ ರೈತರನ್ನು ಬಂಡಾಯಕ್ಕೆ ತಳ್ಳಿತು ಎಂದು ಇರ್ಫಾನ್ ಹಬೀಬ್ 1963ರಲ್ಲಿ ವಾದಿಸಿದರು. ಎಲ್ಲ ಇತಿಹಾಸಕಾರರೂ ಇದನ್ನು ಒಪ್ಪಿಲ್ಲ. ಆದರೆ ಸಂಬಳದ ಲೆಕ್ಕವನ್ನು ಹಳ್ಳಿಯ ಬಾಗಿಲಿನಿಂದ ನೋಡಲು ಕಲಿಸಿದವರಲ್ಲಿ ಅವರು ಪ್ರಮುಖರು.

ಈ ಕಥೆ ನಮ್ಮ ನಾಡಿಗೂ ಬಂತು. ಔರಂಗಜೇಬ 1686ರಲ್ಲಿ ಬಿಜಾಪುರವನ್ನೂ ಮರುವರ್ಷ ಗೋಲ್ಕೊಂಡವನ್ನೂ ಗೆದ್ದ. ಸೋತ ರಾಜ್ಯಗಳ ಸರದಾರರನ್ನು, ಮರಾಠಾ ನಾಯಕರನ್ನು ತನ್ನತ್ತ ಸೆಳೆಯಲು ಮನ್ಸಬ್‌ಗಳನ್ನು ಧಾರಾಳವಾಗಿ ಹಂಚಿದ. ಅಕ್ಬರನ ಕಾಲದಲ್ಲಿ ಐದು ಸಾವಿರದ ಪದವಿಯವರು 29 ಮಂದಿ. ಔರಂಗಜೇಬನ ಕಾಲಕ್ಕೆ 79. ಪದವಿ ಕೊಟ್ಟದ್ದಾಯಿತು, ಜಾಗೀರು ಎಲ್ಲಿ? ನಮ್ಮ ಅಜ್ಜಿಯರು ಹೇಳುತ್ತಿದ್ದಂತೆ 'ಏಕ್ ಅನಾರ್, ಸೌ ಬೀಮಾರ್' – ದಾಳಿಂಬೆ ಒಂದು, ರೋಗಿಗಳು ನೂರು. ಪದವಿಯಿದ್ದೂ ಜಾಗೀರಿಲ್ಲದೆ ವರ್ಷಗಟ್ಟಲೆ ಕಾಯುವವರ ಈ ಸ್ಥಿತಿಗೆ 'ಬೇ-ಜಾಗೀರಿ' ಎಂಬ ಪದವೇ ಹುಟ್ಟಿತು. ಗೆದ್ದ ದಖ್ಖನಿನ ಫಲವತ್ತಾದ ಭೂಮಿಯನ್ನು ಚಕ್ರವರ್ತಿ ತನ್ನ ಖಾಲಿಸಾದಲ್ಲೇ ಇರಿಸಿಕೊಂಡದ್ದರಿಂದ ಈ ಕೊರತೆ ಬಿಗಡಾಯಿಸಿತು ಎಂದು ಅಮೆರಿಕದ ಇತಿಹಾಸಕಾರ ಜಾನ್ ಎಫ್. ರಿಚರ್ಡ್ಸ್ ಹೇಳಿದ್ದಾರೆ. ಕಾರಣ ಏನೇ ಇರಲಿ, ಮಾತಿನಲ್ಲಿ ಸಂಬಳ ಕೊಟ್ಟು ಕೈಯಲ್ಲಿ ಕೊಡದ ರಾಜ್ಯವನ್ನು ಅದರ ಸರದಾರರೇ ಕೈಬಿಟ್ಟರು. ಮುಂದಿನ ಶತಮಾನದಲ್ಲಿ ಮೈಸೂರಿನಲ್ಲಿ ಟಿಪ್ಪು ಸುಲ್ತಾನ್ ಜಾಗೀರುಗಳನ್ನು ತಗ್ಗಿಸಿ ನಗದು ಸಂಬಳಕ್ಕೆ ಒತ್ತು ಕೊಟ್ಟದ್ದರಲ್ಲಿ ಈ ಪಾಠ ಇದ್ದಿರಬೇಕು ಎಂದು ನಮಗೆ ತೋರುತ್ತದೆ.

ಈಗ ನಮ್ಮ ಕಾಲಕ್ಕೆ ಬರೋಣ. ಜಾಗೀರು ಹೋಗಿ ತಿಂಗಳ ಸಂಬಳ ನೆಲೆಯೂರಿದೆ. 1946-47ರ ಮೊದಲ ಕೇಂದ್ರ ವೇತನ ಆಯೋಗ ಗೊತ್ತುಪಡಿಸಿದ ಕನಿಷ್ಠ ಸಂಬಳ 55 ರೂಪಾಯಿ, ಗರಿಷ್ಠ 2,000. ಅಂತರ 36 ಪಟ್ಟಿಗೂ ಹೆಚ್ಚು. 2016ರಿಂದ ಜಾರಿಗೆ ಬಂದ ಏಳನೇ ಆಯೋಗದ ಪ್ರಕಾರ ಕನಿಷ್ಠ 18,000, ಗರಿಷ್ಠ 2,50,000. ಅಂತರ ಸುಮಾರು 14 ಪಟ್ಟು. ಸಾವಿರಾರು ಪಟ್ಟಿನಿಂದ ಹದಿನಾಲ್ಕಕ್ಕೆ ಇಳಿದದ್ದು ಸಣ್ಣ ಸಾಧನೆಯಲ್ಲ. ಸರಕಾರಿ ಸಂಬಳವನ್ನು ಬರೀ ಹೊರೆ ಎಂದು ಹಳಿಯುವವರು ಇದನ್ನು ನೆನೆಯಬೇಕು. ಬಡವರ ಮಗನೊಬ್ಬ ಶಿಕ್ಷಕನಾಗಿ, ಗುಮಾಸ್ತನಾಗಿ ತಲೆಯೆತ್ತಿ ನಡೆದದ್ದು ಇದೇ ಸಂಬಳದಿಂದ.

ಆದರೆ ಈ ಹದಿನಾಲ್ಕು ಪಟ್ಟಿನ ಲೆಕ್ಕ ಪಟ್ಟಿಯೊಳಗೆ ಇರುವವರದ್ದು. ಪಟ್ಟಿಯ ಹೊರಗೂ ಸರಕಾರದ ಕೆಲಸ ಮಾಡುವವರಿದ್ದಾರೆ. ಅಂಗನವಾಡಿ 1975ರಿಂದ ಇದೆ. ಮಕ್ಕಳಿಗೆ ಉಣಿಸುವ, ಬಸುರಿಯರ ಲೆಕ್ಕ ಬರೆಯುವ ಆ ಹೆಣ್ಣುಮಕ್ಕಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಆಶಾ ಕಾರ್ಯಕರ್ತೆಯರು, ಬಿಸಿಯೂಟದ ಅಡುಗೆಯವರು, ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯ ಕಸಗುಡಿಸುವವರು ಯಾರಿಗೂ ವೇತನ ಆಯೋಗ ಇಲ್ಲ. ತಾತ್ಕಾಲಿಕ ನೌಕರರಿಗೆ ಕಾಯಮಾಗುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2006ರ ಏಪ್ರಿಲ್‌ನಲ್ಲಿ. ಅದೇ ಡಿಸೆಂಬರಿನಲ್ಲಿ ಅಂಗನವಾಡಿ ಕಾರ್ಯಕರ್ತೆ ನಾಗರಿಕ ಸೇವೆಯ ಹುದ್ದೆಯವಳಲ್ಲ ಎಂದಿತು. ಎರಡೂ ಕರ್ನಾಟಕದಿಂದಲೇ ಹೋದ ಪ್ರಕರಣಗಳು. 2022ರಲ್ಲಿ ಮಾತ್ರ ಅಂಗನವಾಡಿಯವರಿಗೂ ಗ್ರ್ಯಾಚುಯಿಟಿಯ ಹಕ್ಕಿದೆ ಎಂದು ಕೋರ್ಟು ಒಪ್ಪಿತು. ಮೊಗಲರ ದಫ್ತರದಲ್ಲಿ ಪದವಿಯಿದ್ದೂ ಸಂಬಳವಿಲ್ಲದವರಿದ್ದರು. ನಮ್ಮಲ್ಲಿ ಕೆಲಸವಿದ್ದೂ ಪದವಿಯಿಲ್ಲದವರಿದ್ದಾರೆ. ಹೊರಗುತ್ತಿಗೆಯ ಏಜೆನ್ಸಿ ತನ್ನ ಪಾಲು ಮುರಿದುಕೊಳ್ಳುವುದನ್ನು ಕೇಳಿದಾಗ ದಿಲ್ಲಿಯ ಆ ಚೀಟಿ ದಲ್ಲಾಳಿ ನಮ್ಮ ಕಣ್ಣಮುಂದೆ ಬರುತ್ತಾನೆ.

ಆದ್ದರಿಂದ ಬಜೆಟ್ಟಿನಲ್ಲಿ ಸಂಬಳದ ಪಾಲು ಎಷ್ಟು ಎಂಬ ಪ್ರಶ್ನೆಯೊಂದೇ ಸಾಲದು. ಆ ಪಾಲಿನೊಳಗೆ ಮೇಲಿನವನಿಗೆಷ್ಟು, ಕೆಳಗಿನವನಿಗೆಷ್ಟು? ಕಾಗದದ ಮೇಲಿನದು ಕೈಗೆ ಪೂರ್ತಿ ಬರುತ್ತದೆಯೇ? ಪಟ್ಟಿಯಿಂದ ಹೊರಗೆ ಯಾರನ್ನು ನಿಲ್ಲಿಸಿದ್ದೇವೆ? ಈ ಮೂರನ್ನು ಕೇಳದೆ ಸಂಬಳದ ಹೊರೆಯ ಬಗ್ಗೆ ಜಗಳವಾಡಿದರೆ, ಹೊರೆ ಹೊತ್ತವರು ಯಾರೆಂಬುದೇ ಕಾಣದೆ ಹೋಗುತ್ತದೆ. ಇಂಥ ಲೆಕ್ಕ ಕೇಳದಿದ್ದ ಸುಲ್ತಾನ ಸೈನಿಕನ ಕೈಗೆ ಲಂಚದ ನಾಣ್ಯ ಹಾಕಿ ಅದನ್ನೇ ಕರುಣೆ ಎಂದುಕೊಂಡ. ಆ ಸೈನಿಕ ಕೇಳಿದ್ದು ಕರುಣೆಯನ್ನಲ್ಲ, ತನ್ನ ತನಖಾವನ್ನು.