ಕಾಪ್ಟಿಕ್ ಬೈಬಲ್: ಡಿಜಿಟಲ್ ಪಾಠಗಳು

ಪ್ರಾಚೀನ ಈಜಿಪ್ಟಿನ ಭಾಷೆ ತನ್ನ ಕೊನೆಯ ಘಟ್ಟದಲ್ಲಿ ತಾಳಿದ ರೂಪಕ್ಕೆ ಕಾಪ್ಟಿಕ್ ಎಂದು ಹೆಸರು. ಆ ಭಾಷೆಗೆ ಸುಮಾರು ಕ್ರಿ.ಶ. 3ನೆಯ ಶತಮಾನದಿಂದ ಮೊದಲಾಗಿ ಬೇರೆ ಬೇರೆ ಕಾಲಗಳಲ್ಲಿ, ಬೇರೆ ಬೇರೆ ಪ್ರದೇಶಗಳಲ್ಲಿ ಗ್ರೀಕಿನಿಂದ ಆದ ಅನುವಾದಗಳನ್ನು ಒಟ್ಟಾಗಿ ಕಾಪ್ಟಿಕ್ ಬೈಬಲ್ ಎಂದು ಕರೆಯುವುದು ವಾಡಿಕೆ. ಆದಿಯಿಂದ ಅಂತ್ಯದವರೆಗೆ ಒಂದೇ ಕೈಯ, ಒಂದೇ ಕಾಲದ ಕಾಪ್ಟಿಕ್ ಬೈಬಲ್ ಎಲ್ಲಿಯೂ ದೊರೆತಿಲ್ಲವಾದ್ದರಿಂದ, ಇದರ ಡಿಜಿಟಲ್ ರೂಪವನ್ನು ಅರಸುವವನು ಮೊದಲು ಯಾವ ಉಪಭಾಷೆ, ಯಾವ ಗ್ರಂಥ, ಯಾವ ಹಸ್ತಪ್ರತಿ ಎಂಬುದನ್ನು ನಿರ್ಧರಿಸಿಕೊಳ್ಳಬೇಕಾಗುತ್ತದೆ. ಇಂದು ದೊರೆಯುವ ಸಾಮಗ್ರಿ ಮೂರು ಬಗೆಯದು: ಹಸ್ತಪ್ರತಿಗಳ ಹಾಳೆಗಳ ಛಾಯಾಚಿತ್ರಗಳು, ಹಳೆಯ ಮುದ್ರಿತ ಆವೃತ್ತಿಗಳ ಸ್ಕ್ಯಾನ್ ಪ್ರತಿಗಳು, ಮತ್ತು ಅಕ್ಷರ ಅಕ್ಷರವಾಗಿ ಗಣಕಕ್ಕೆ ಊಡಿಸಿದ, ಪದ ಹುಡುಕಲು ಬರುವ ಪಠ್ಯಗಳು. ಈ ಮೂರರ ಪ್ರಾಮಾಣ್ಯ ಒಂದೇ ಬಗೆಯದಲ್ಲವಾದರೂ ತೆರೆಯ ಮೇಲೆ ಮೂರೂ ಒಂದೇ ಅಧಿಕಾರದಿಂದ ಮಾತನಾಡುವಂತೆ ತೋರುವುದರಿಂದ, ಕಾಣುತ್ತಿರುವ ಪಾಠ ಎಲ್ಲಿಂದ ಬಂದಿತೆಂಬುದನ್ನು ಅರಿಯುವುದೇ ಈ ಶೋಧದ ಮುಖ್ಯ ಭಾಗವೆನ್ನಬೇಕು.

ಉಪಭಾಷೆಗಳು

ಕಾಪ್ಟಿಕ್ ಬರವಣಿಗೆ ಗ್ರೀಕ್ ವರ್ಣಮಾಲೆಯ 24 ಅಕ್ಷರಗಳನ್ನು ಎರವಲು ಪಡೆದು, ಗ್ರೀಕಿನಲ್ಲಿಲ್ಲದ ಧ್ವನಿಗಳಿಗಾಗಿ ಡೆಮೋಟಿಕ್ ಎಂಬ ಹಳೆಯ ಈಜಿಪ್ಟಿನ ಓಡುಬರಹದಿಂದ ಕೆಲವು ಅಕ್ಷರಗಳನ್ನು ಸೇರಿಸಿಕೊಂಡಿದೆ. ಹೀಗೆ ಸೇರಿದವು ಸಹೀದಿಕ್ ಉಪಭಾಷೆಯಲ್ಲಿ ಆರು, ಬೊಹೈರಿಕ್‌ನಲ್ಲಿ ಏಳು. ಸಹೀದಿಕ್ ಮೇಲ್ ಈಜಿಪ್ಟಿನ, ಅಂದರೆ ದಕ್ಷಿಣದ ನೈಲ್ ಕಣಿವೆಯ ಸಾಹಿತ್ಯಭಾಷೆಯಾಗಿ ಬೆಳೆದು ಹಲವು ಶತಮಾನಗಳ ಕಾಲ ದೇಶದಾದ್ಯಂತ ಮಾನ್ಯವಾಗಿತ್ತು. ಬೊಹೈರಿಕ್ ಉತ್ತರದ ನದೀಮುಖಜ ಭೂಮಿಯದು. ಕಾಪ್ಟಿಕ್ ಆರ್ಥಡಾಕ್ಸ್ ಚರ್ಚಿನ ಆರಾಧನೆಯಲ್ಲಿ ಇಂದಿಗೂ ಬಳಕೆಯಲ್ಲಿರುವುದು ಇದೇ. ಇವೆರಡರ ನಡುವಿನ ಅಂತರ ಕೇವಲ ಉಚ್ಚಾರಣೆಯದಲ್ಲ. ‘ವಾಕ್ಯ’ ಅಥವಾ ‘ಮಾತು’ ಎಂಬುದಕ್ಕೆ ಸಹೀದಿಕ್‌ನಲ್ಲಿ ‘ಶಾಜೆ’ ಎಂದಿದ್ದರೆ ಬೊಹೈರಿಕ್‌ನಲ್ಲಿ ‘ಸಾಜಿ’ ಎಂದಿದೆ. ‘ದೇವರು’ ಎಂಬುದಕ್ಕೆ ಒಂದರಲ್ಲಿ ‘ನೂತೆ’, ಇನ್ನೊಂದರಲ್ಲಿ ‘ನೂತಿ’. ಅನುವಾದಗಳೂ ಪರಸ್ಪರ ಸ್ವತಂತ್ರವಾಗಿ ಆದವುಗಳಾದ್ದರಿಂದ ಒಂದು ಉಪಭಾಷೆಯ ಪದವನ್ನು ಇನ್ನೊಂದರ ಪಠ್ಯದಲ್ಲಿ ಹುಡುಕಿದರೆ ಫಲ ಸಿಗದು.

ಈ ಎರಡಲ್ಲದೆ ಫಯ್ಯೂಮಿಕ್, ಅಖ್ಮೀಮಿಕ್, ಲೈಕೋಪೊಲಿಟನ್ ಮತ್ತು ಮೆಸೊಕೆಮಿಕ್ ಉಪಭಾಷೆಗಳಲ್ಲಿಯೂ ಬೈಬಲಿನ ಭಾಗಗಳು ಉಳಿದಿವೆ. ಮೆಸೊಕೆಮಿಕ್‌ಗೆ ಆಕ್ಸಿರಿಂಕೈಟ್ ಎಂಬ ಇನ್ನೊಂದು ಹೆಸರಿದ್ದು, ಅದು ಮಧ್ಯ ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದಿಂದ ಬಂದಿದೆ. ಅಲ್ಲಿನ ಪಪೈರಸ್ ರಾಶಿಯಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಸೂಚಿಸಿದ ಮೇಲೆ ಈ ಊರಿನ ಹೆಸರು ಕನ್ನಡ ಓದುಗರಿಗೆ ಪರಿಚಿತವಾಗಿದೆ. ಆ ವಾದ ಇಂದಿಗೂ ಚರ್ಚಾಸ್ಪದವೇ. ಮೆಸೊಕೆಮಿಕ್‌ನ ಅತ್ಯಂತ ಪ್ರಸಿದ್ಧ ಹಸ್ತಪ್ರತಿ 1984ರಲ್ಲಿ ಅಲ್-ಮುದಿಲ್ ಎಂಬಲ್ಲಿನ ಶ್ಮಶಾನದಲ್ಲಿ, ಬಾಲಕಿಯೊಬ್ಬಳ ತಲೆಯಡಿಯಲ್ಲಿ ಇರಿಸಿದ್ದ ಸ್ಥಿತಿಯಲ್ಲಿ ಸಿಕ್ಕ ಕೀರ್ತನೆಗಳ ಪುಸ್ತಕ. ಅದು ಈಗ ಕೈರೋದ ಕಾಪ್ಟಿಕ್ ವಸ್ತುಸಂಗ್ರಹಾಲಯದಲ್ಲಿದೆ.

ಚದುರಿಹೋದ ಹಾಳೆಗಳು

ಸಹೀದಿಕ್ ಬೈಬಲಿನ ಅತಿ ದೊಡ್ಡ ಆಕರ ಸೋಹಾಗ್ ಪಟ್ಟಣದ ಬಳಿಯ ಬಿಳಿಯ ಮಠದ ಗ್ರಂಥಭಂಡಾರ. 5ನೆಯ ಶತಮಾನದ ಮಠಾಧಿಪತಿ ಶೆನೂತೆಯ ಕಾಲದಿಂದ ಪ್ರಸಿದ್ಧವಾದ ಈ ಮಠದಲ್ಲಿ ಶತಮಾನಗಳ ಕಾಲ ಚರ್ಮಪತ್ರದ ಪುಸ್ತಕಗಳನ್ನು ಬರೆದು, ನಕಲು ಮಾಡಿ, ಕೂಡಿಡಲಾಯಿತು. ಕಾಪ್ಟಿಕ್ ಭಾಷೆಯ ಬಳಕೆ ಅಳಿದಂತೆ ಅವು ಓದುವವರಿಲ್ಲದೆ ಉಳಿದವು. 18ನೆಯ ಶತಮಾನದಿಂದ ಈ ಭಂಡಾರದ ಹಾಳೆಗಳು ಕಂತೆ ಕಂತೆಯಾಗಿ ಹೊರಹೋದವು. ಕಾರ್ಡಿನಲ್ ಸ್ಟೆಫಾನೊ ಬೋರ್ಜಿಯಾ ಸಂಗ್ರಹಿಸಿದ ಭಾಗ ಇಂದು ವ್ಯಾಟಿಕನ್ ಮತ್ತು ನೇಪಲ್ಸ್ ನಗರಗಳಲ್ಲಿ ಹಂಚಿಹೋಗಿದೆ. 1880ರ ದಶಕದಲ್ಲಿ ಗಾಸ್ತೋನ್ ಮಾಸ್ಪೆರೋ ಕಂಡುಕೊಂಡ ಸಾವಿರಾರು ಹಾಳೆಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯವನ್ನು ಸೇರಿದವು. ಉಳಿದವು ಲಂಡನ್, ಆಕ್ಸ್‌ಫರ್ಡ್, ವಿಯೆನ್ನಾ, ಲೈಡನ್, ಕೈರೋ ಮೊದಲಾದ ಕಡೆಗಳಿಗೆ ಹಂಚಿದವು. ಮಾರಾಟಗಾರರು ಪುಸ್ತಕವನ್ನು ಬಿಡಿಸಿ ಹಾಳೆಗಳನ್ನು ಬೇರೆ ಬೇರೆಯಾಗಿ ಮಾರಿದ್ದರಿಂದ, ಒಂದೇ ಪುಸ್ತಕದ ಅನುಕ್ರಮ ಹಾಳೆಗಳು ಎರಡು ದೇಶಗಳಲ್ಲಿರುವುದು, ಒಮ್ಮೊಮ್ಮೆ ಒಂದೇ ಹಾಳೆಯ ಎರಡು ಹರಕುಗಳು ಎರಡು ಗ್ರಂಥಾಲಯಗಳಲ್ಲಿರುವುದು ಇಲ್ಲಿ ಸಾಮಾನ್ಯ ಸಂಗತಿ. ಒಂದು ಭಾಷೆಯ ಧರ್ಮಗ್ರಂಥಕ್ಕೆ ಒದಗಿದ ಈ ಗತಿ ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ಅತ್ಯಂತ ನೋವಿನ ಅಧ್ಯಾಯಗಳಲ್ಲೊಂದು, ಮತ್ತು ಡಿಜಿಟಲ್ ತಂತ್ರದಿಂದ ಅತಿ ಹೆಚ್ಚು ಪ್ರಯೋಜನ ಪಡೆದ ಕ್ಷೇತ್ರವೂ ಇದೇ.

ಇದಕ್ಕೆ ಹೋಲಿಸಿದರೆ ಫಯ್ಯೂಮ್ ಪ್ರಾಂತದ ಹಮೂಲಿ ಎಂಬಲ್ಲಿ 1910ರಲ್ಲಿ ಸಿಕ್ಕ ಸಂಗ್ರಹದ ಅದೃಷ್ಟ ಒಳ್ಳೆಯದು. ಸಂತ ಮೈಕೇಲನ ಮಠಕ್ಕೆ ಸೇರಿದ್ದ ಈ ಪುಸ್ತಕಗಳಲ್ಲಿ ಹೆಚ್ಚಿನವು ಒಟ್ಟಾಗಿಯೇ ಜೆ. ಪಿ. ಮಾರ್ಗನ್ ಅವರ ಕೈಸೇರಿ ಈಗ ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದಲ್ಲಿವೆ. ಇವುಗಳ ಛಾಯಾಚಿತ್ರ ಸಂಪುಟಗಳನ್ನು ಹೆನ್ರಿ ಹೈವರ್ನಾಟ್ 1922ರಲ್ಲಿ ಕೆಲವೇ ಪ್ರತಿಗಳಲ್ಲಿ ಹೊರತಂದರು. ಈ ಸಂಗ್ರಹದ ಎಂ 569 ಎಂಬ ಸಂಖ್ಯೆಯ ಹಸ್ತಪ್ರತಿ ನಾಲ್ಕು ಸುವಾರ್ತೆಗಳನ್ನೂ ಸಹೀದಿಕ್‌ನಲ್ಲಿ ಬಹುಮಟ್ಟಿಗೆ ಪೂರ್ಣವಾಗಿ ಉಳಿಸಿಕೊಂಡಿದೆ.

ಮುದ್ರಿತ ಆವೃತ್ತಿಗಳು

ಡಿಜಿಟಲ್ ಪಠ್ಯಗಳಲ್ಲಿ ಬಹಳಷ್ಟು ಮುದ್ರಿತ ಪುಸ್ತಕಗಳ ಸಂತತಿಯಾದ್ದರಿಂದ ಆ ವಂಶಾವಳಿ ತಿಳಿದಿರುವುದು ಅಗತ್ಯ. ಡೇವಿಡ್ ವಿಲ್ಕಿನ್ಸ್ 1716ರಲ್ಲಿ ಆಕ್ಸ್‌ಫರ್ಡಿನಿಂದ ಬೊಹೈರಿಕ್ ಹೊಸ ಒಡಂಬಡಿಕೆಯನ್ನೂ 1731ರಲ್ಲಿ ಮೋಶೆಯ ಐದು ಗ್ರಂಥಗಳನ್ನೂ ಪ್ರಕಟಿಸಿದರು. 19ನೆಯ ಶತಮಾನದಲ್ಲಿ ಹೆನ್ರಿ ಟಾಟಮ್ ಪ್ರವಾದಿಗಳ ಗ್ರಂಥಗಳನ್ನೂ ಪಾಲ್ ದ ಲಗಾರ್ಡ್ ಐದು ಗ್ರಂಥಗಳನ್ನೂ ಕೀರ್ತನೆಗಳನ್ನೂ ಸಂಪಾದಿಸಿದರು. ಸಹೀದಿಕ್ ಹಳೆಯ ಒಡಂಬಡಿಕೆಯ ಬೋರ್ಜಿಯಾ ಹಾಳೆಗಳನ್ನು ಅಗೊಸ್ಟಿನೊ ಚಾಸ್ಕಾ 1885 ಮತ್ತು 1889ರಲ್ಲಿ ಅಚ್ಚಿಗೆ ತಂದರು.

ಇವೆಲ್ಲಕ್ಕಿಂತ ಹೆಚ್ಚು ಬಳಕೆಯಾದದ್ದು ಜಾರ್ಜ್ ಹಾರ್ನರ್ ಅವರ ಕೆಲಸ. ಬೊಹೈರಿಕ್ ಹೊಸ ಒಡಂಬಡಿಕೆ 1898ರಿಂದ 1905ರವರೆಗೆ ನಾಲ್ಕು ಸಂಪುಟಗಳಲ್ಲಿ, ಸಹೀದಿಕ್ 1911ರಿಂದ 1924ರವರೆಗೆ ಏಳು ಸಂಪುಟಗಳಲ್ಲಿ ಆಕ್ಸ್‌ಫರ್ಡಿನಿಂದ ಹೊರಬಂದವು. ಬೊಹೈರಿಕ್ ಸುವಾರ್ತೆಗಳಿಗೆ 1174ರಲ್ಲಿ ಬರೆದ, ಪಕ್ಕದಲ್ಲಿ ಅರಬ್ಬಿ ಅನುವಾದವಿರುವ ಹಂಟಿಂಗ್ಟನ್ 17 ಎಂಬ ಹಸ್ತಪ್ರತಿ ಆಧಾರವಾಗಿದ್ದರೆ, ಸಹೀದಿಕ್ ಸುವಾರ್ತೆಗಳಿಗೆ ಹಾರ್ನರ್ ಅವರ ಮುಂದೆ ಪೂರ್ಣ ಹಸ್ತಪ್ರತಿ ಇರಲಿಲ್ಲ. ಹಮೂಲಿಯ ಪುಸ್ತಕಗಳು ಅವರಿಗೆ ಒದಗುವ ಮೊದಲೇ ಆ ಸಂಪುಟಗಳು ಸಿದ್ಧವಾಗಿದ್ದವು. ಹೀಗಾಗಿ ಅವರು ಹತ್ತಾರು ಕಡೆಯ ಹರಕುಗಳನ್ನು ಕೌದಿಯಂತೆ ಜೋಡಿಸಿ ಪಾಠವನ್ನು ಕಟ್ಟಿದರು. ಒಂದು ವಚನ ಒಂದು ಶತಮಾನದ ಹಾಳೆಯದಾದರೆ ಮುಂದಿನ ವಚನ ಇನ್ನೊಂದು ಶತಮಾನದ್ದಾಗಿರಬಹುದು; ಹಾರ್ನರ್ ಅದನ್ನು ಅಡಿಟಿಪ್ಪಣಿಯಲ್ಲಿ ಪ್ರಾಮಾಣಿಕವಾಗಿ ತಿಳಿಸಿದ್ದಾರೆ, ಆದರೆ ಗಣಕಕ್ಕೆ ಪಠ್ಯವನ್ನು ಮಾತ್ರ ಇಳಿಸಿಕೊಳ್ಳುವಾಗ ಆ ಟಿಪ್ಪಣಿಗಳು ಹೊರಗುಳಿಯುತ್ತವೆ. ಹಾರ್ನರ್ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ದೊರೆಯುವುದರಿಂದ, ಡಿಜಿಟಲ್ ಪಠ್ಯದ ಪಕ್ಕದಲ್ಲಿ ಅವನ್ನು ತೆರೆದಿಟ್ಟುಕೊಂಡು ಓದುವುದು ಉತ್ತಮ ಪದ್ಧತಿ. ಮುಂದೆ ಹರ್ಬರ್ಟ್ ಥಾಂಪ್ಸನ್ 1924ರಲ್ಲಿ ಲೈಕೋಪೊಲಿಟನ್ ಉಪಭಾಷೆಯ ಯೋಹಾನನ ಸುವಾರ್ತೆಯನ್ನೂ 1932ರಲ್ಲಿ ಸಹೀದಿಕ್ ಅಪೊಸ್ತಲರ ಕೃತ್ಯಗಳು ಹಾಗೂ ಪೌಲನ ಪತ್ರಗಳನ್ನೂ, ಹಾನ್ಸ್ ಕ್ವೆಕೆ 1972ರಿಂದ 1984ರೊಳಗೆ ಬಾರ್ಸಿಲೋನಾದ ಹಸ್ತಪ್ರತಿಗಳಿಂದ ಮಾರ್ಕ, ಲೂಕ, ಯೋಹಾನರ ಸುವಾರ್ತೆಗಳನ್ನೂ ಸಂಪಾದಿಸಿದರು.

ಅಕ್ಷರ ಸಂಕೇತದ ತೊಡಕು

ಗಣಕದಲ್ಲಿ ಕಾಪ್ಟಿಕ್ ಬರೆಯುವ ಮೊದಲ ಪ್ರಯತ್ನಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕಾಪ್ಟಿಕ್ ಆಕೃತಿಗಳನ್ನು ಕೂರಿಸಿದ ಫಾಂಟುಗಳನ್ನು ಅವಲಂಬಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲಾಗಿ ತೆರೆದುಕೊಳ್ಳುತ್ತಿತ್ತು, ಮತ್ತು ಒಬ್ಬೊಬ್ಬರ ಫಾಂಟಿನ ವಿನ್ಯಾಸವೂ ಬೇರೆಯಾಗಿತ್ತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕೂಡಿಟ್ಟ ಕನ್ನಡ ಪಠ್ಯವನ್ನು ಯೂನಿಕೋಡಿಗೆ ತರಲು ಹೆಣಗಿದವರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಯೂನಿಕೋಡಿನಲ್ಲಿಯೂ ಮೊದಲು ಡೆಮೋಟಿಕ್ ಮೂಲದ ಅಕ್ಷರಗಳಿಗೆ ಮಾತ್ರ ಸ್ವಂತ ಸ್ಥಾನವಿದ್ದು, ಉಳಿದವುಗಳಿಗೆ ಗ್ರೀಕ್ ಅಕ್ಷರಗಳನ್ನೇ ಬಳಸಬೇಕಿತ್ತು. 2005ರಲ್ಲಿ ಬಂದ 4.1ನೆಯ ಆವೃತ್ತಿಯಲ್ಲಿ ಕಾಪ್ಟಿಕ್‌ಗೆ ಪ್ರತ್ಯೇಕ ವಿಭಾಗ ದೊರೆಯಿತು. ಆದರೆ ಮೊದಲೇ ಸ್ಥಾನ ಪಡೆದಿದ್ದ ಏಳು ಜೋಡಿ ಅಕ್ಷರಗಳು ಗ್ರೀಕ್ ವಿಭಾಗದಲ್ಲೇ ಉಳಿದದ್ದರಿಂದ ಒಂದೇ ಪದದ ಅಕ್ಷರಗಳು ಇಂದಿಗೂ ಎರಡು ವಿಭಾಗಗಳಿಂದ ಬರುತ್ತವೆ. 2005ಕ್ಕಿಂತ ಹಿಂದಿನ ಕಡತದಲ್ಲಿ ಇಂದಿನ ಕೀಲಿಮಣೆಯಿಂದ ಪದ ಹುಡುಕಿದಾಗ, ಕಣ್ಣೆದುರಿಗೇ ಇರುವ ಪದ ‘ಇಲ್ಲ’ ಎಂಬ ಉತ್ತರ ಬರುವುದಕ್ಕೆ ಇದು ಕಾರಣ.

ಅಕ್ಷರಗಳ ಮೇಲೆ ಎಳೆಯುವ ಗೆರೆಯೂ ಇಂತಹುದೇ ತೊಡಕು ತರುತ್ತದೆ. ಸಹೀದಿಕ್ ಲಿಪಿಕಾರರು ಸ್ವರವಿಲ್ಲದ ಉಚ್ಚಾರಾಂಶವನ್ನು ಸೂಚಿಸಲು ವ್ಯಂಜನದ ಮೇಲೆ ಗೆರೆ ಎಳೆಯುತ್ತಿದ್ದರು. ಅದು ಒಂದೇ ಅಕ್ಷರದ ಮೇಲಿದೆಯೇ, ಎರಡನ್ನು ಕೂಡಿಸುತ್ತದೆಯೇ ಎಂಬುದನ್ನು ಒಬ್ಬ ಸಂಪಾದಕ ಒಂದು ಬಗೆಯಲ್ಲಿ, ಇನ್ನೊಬ್ಬ ಇನ್ನೊಂದು ಬಗೆಯಲ್ಲಿ ದಾಖಲಿಸುತ್ತಾನೆ. ಕಾಪ್ಟಿಕ್ ಅಧ್ಯಯನದ ಅಂತರರಾಷ್ಟ್ರೀಯ ಸಂಘಕ್ಕಾಗಿ ರೂಪಿಸಿದ ಆಂಟಿನೂ ಫಾಂಟು ಈ ಗೆರೆಗಳನ್ನು ಸರಿಯಾಗಿ ತೋರಿಸುತ್ತದೆ.

ಹುಡುಕಲು ಬರುವ ಪಠ್ಯಗಳು

ಹೊಸ ಒಡಂಬಡಿಕೆಯ ಸಹೀದಿಕ್ ಪಾಠವನ್ನು ಡಿಜಿಟಲ್ ರೂಪದಲ್ಲಿಯೇ ಸಂಪಾದಿಸಿದ ಪ್ರಮುಖರು ಜೆ. ವಾರನ್ ವೆಲ್ಸ್, 2000ದ ದಶಕದಲ್ಲಿ ಸಿದ್ಧವಾದ ಅವರ ‘ಸಹೀದಿಕಾ’ ಆವೃತ್ತಿ ಮುಂದಿನ ಹಲವು ಕೆಲಸಗಳಿಗೆ ತಳಹದಿಯಾಯಿತು. ಕ್ರಾಸ್‌ವೈರ್ ಸಂಸ್ಥೆಯ ‘ಸ್ವೋರ್ಡ್’ ಯೋಜನೆ ಈ ಪಾಠವನ್ನೂ ಹಾರ್ನರ್ ಅವರ ಸಹೀದಿಕ್ ಪಾಠವನ್ನೂ ಬೊಹೈರಿಕ್ ಹೊಸ ಒಡಂಬಡಿಕೆಯನ್ನೂ ಬಿಡಿ ಘಟಕಗಳಾಗಿ ಒದಗಿಸುತ್ತದೆ. ಇವನ್ನು ಒಮ್ಮೆ ಇಳಿಸಿಕೊಂಡರೆ ಅಂತರಜಾಲವಿಲ್ಲದೆಯೂ ಗ್ರೀಕ್ ಮೂಲದ ಪಕ್ಕದಲ್ಲಿಟ್ಟು ವಚನ ವಚನವಾಗಿ ಓದಬಹುದು.

ಭಾಷಾಶಾಸ್ತ್ರದ ದೃಷ್ಟಿಯಿಂದ ಅತ್ಯಂತ ಸಮೃದ್ಧವಾದದ್ದು ಕ್ಯಾರೊಲಿನ್ ಷ್ರೋಡರ್ ಮತ್ತು ಅಮೀರ್ ಜೆಲ್ಡೆಸ್ ಕಟ್ಟಿದ ‘ಕಾಪ್ಟಿಕ್ ಸ್ಕ್ರಿಪ್ಟೋರಿಯಂ’. ಹಳಗನ್ನಡದ ತಾಳೆಗರಿಗಳಂತೆ ಕಾಪ್ಟಿಕ್ ಹಸ್ತಪ್ರತಿಗಳಲ್ಲಿಯೂ ಪದಗಳ ನಡುವೆ ಎಡೆ ಬಿಡುವ ಪದ್ಧತಿಯಿರಲಿಲ್ಲ. ಅದರ ಮೇಲೆ ಉಪಸರ್ಗ, ಸರ್ವನಾಮ, ಕ್ರಿಯಾಪದಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಘಟಕವಾಗುತ್ತವೆ. ಎಲ್ಲಿ ಬಿಡಿಸಬೇಕೆಂಬುದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲದ ಕಾರಣ, ಎರಡು ಆವೃತ್ತಿಗಳಲ್ಲಿ ಒಂದೇ ವಾಕ್ಯ ಬೇರೆ ಬೇರೆಯಾಗಿ ತುಂಡಾಗಿರುತ್ತದೆ. ಸ್ಕ್ರಿಪ್ಟೋರಿಯಂ ಈ ಘಟಕಗಳನ್ನು ಯಂತ್ರದ ನೆರವಿನಿಂದ ಬಿಡಿಸಿ, ಪ್ರತಿ ಪದಕ್ಕೂ ಅದರ ನಿಘಂಟುರೂಪ ಮತ್ತು ವ್ಯಾಕರಣವರ್ಗವನ್ನು ಲಗತ್ತಿಸಿ, ನೇರವಾಗಿ ಕಾಪ್ಟಿಕ್ ನಿಘಂಟಿಗೆ ಕೊಂಡಿ ಕಲ್ಪಿಸುತ್ತದೆ. ಮಾರ್ಕನ ಸುವಾರ್ತೆ ಮತ್ತು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರವನ್ನು ಮನುಷ್ಯರು ಕೂತು ತಿದ್ದಿದ್ದಾರೆ. ಉಳಿದ ಹೆಚ್ಚಿನ ಬೈಬಲ್ ಪಠ್ಯದ ವಿಶ್ಲೇಷಣೆ ಯಂತ್ರದ್ದು. ಈ ವ್ಯತ್ಯಾಸವನ್ನು ಅಲ್ಲಿಯೇ ನಮೂದಿಸಿರುವುದು ಇತರ ಸಂಗ್ರಹಗಳು ಅನುಸರಿಸಬೇಕಾದ ನಡೆ.

ಹಳೆಯ ಒಡಂಬಡಿಕೆಗೆ ಗಟ್ಟಿಂಗೆನ್ ವಿದ್ವತ್ ಅಕಾಡೆಮಿ 2015ರಲ್ಲಿ ಆರಂಭಿಸಿದ ದೀರ್ಘಕಾಲದ ಯೋಜನೆಯೇ ಇಂದಿನ ಮುಖ್ಯ ಆಶ್ರಯ. ಹೈಕೆ ಬೆಹ್ಲ್‌ಮರ್ ಮತ್ತು ಫ್ರಾಂಕ್ ಫೆಡರ್ ಅವರ ನೇತೃತ್ವದಲ್ಲಿ ರೂಪುಗೊಂಡ ಇದು ಸಹೀದಿಕ್ ಹಳೆಯ ಒಡಂಬಡಿಕೆಯ ಉಳಿದಿರುವ ಎಲ್ಲ ಹಾಳೆಗಳನ್ನು ದಾಖಲಿಸಿ, ಯಾವ ನಗರದಲ್ಲಿದ್ದರೂ ಒಂದೇ ಪುಸ್ತಕಕ್ಕೆ ಸೇರಿದವಕ್ಕೆ ಒಂದೇ ಗುರುತುಸಂಖ್ಯೆ ನೀಡಿ, ‘ವರ್ಚುವಲ್ ಮ್ಯಾನುಸ್ಕ್ರಿಪ್ಟ್ ರೂಮ್’ ಎಂಬ ತಾಣದಲ್ಲಿ ಚಿತ್ರವನ್ನೂ ಲಿಪ್ಯಂತರವನ್ನೂ ಎದುರುಬದುರಾಗಿ ಇರಿಸುತ್ತದೆ. ಪ್ಯಾರಿಸ್ಸಿನ ಹಾಳೆಯ ನಂತರ ನೇಪಲ್ಸಿನ ಹಾಳೆ, ಅದರ ನಂತರ ವಿಯೆನ್ನಾದ್ದು ಎಂಬಂತೆ, ಬಿಳಿಯ ಮಠದಲ್ಲಿ ಕಟ್ಟಿದ್ದ ಕ್ರಮದಲ್ಲಿಯೇ ಪುಟ ತಿರುಗಿಸಲು ಇಲ್ಲಿ ಸಾಧ್ಯವಾಗಿದೆ. ಹೊಸ ಒಡಂಬಡಿಕೆಯ ಕಾಪ್ಟಿಕ್ ಹಸ್ತಪ್ರತಿಗಳ ಪಟ್ಟಿಯನ್ನು ಮ್ಯೂನ್‌ಸ್ಟರ್‌ನ ಸಂಶೋಧನ ಸಂಸ್ಥೆ ನಿರ್ವಹಿಸುತ್ತದೆ. ಈ ದಾರಿಯನ್ನು ಬಹಳ ಮೊದಲೇ ತೋರಿದವರು ರೋಮಿನ ತಿತೊ ಒರ್ಲಾಂಡಿ. ಗಣಕವನ್ನು ಕಾಪ್ಟಿಕ್ ಹಸ್ತಪ್ರತಿಗಳ ಮರುಜೋಡಣೆಗೆ ಬಳಸಿದ ಮೊದಲಿಗರಲ್ಲಿ ಅವರ ಹೆಸರು ಮುಂದಿದೆ.

ಚಿತ್ರದ ಅಗತ್ಯ ಎಷ್ಟೆಂಬುದಕ್ಕೆ ಯೋಹಾನನ ಸುವಾರ್ತೆಯ ಮೊದಲ ವಚನ ಒಳ್ಳೆಯ ನಿದರ್ಶನ. ಕಾಪ್ಟಿಕ್‌ನಲ್ಲಿ ನಾಮಪದದ ಹಿಂದೆ ‘ಆ’ ಎಂಬರ್ಥದ ನಿಶ್ಚಿತ ಉಪಪದವೂ ‘ಒಂದು’ ಎಂಬರ್ಥದ ಅನಿಶ್ಚಿತ ಉಪಪದವೂ ಬರುತ್ತವೆ. ಗ್ರೀಕಿನಲ್ಲಿ ಎರಡನೆಯದು ಇಲ್ಲ. ಈ ವಚನದ ಕೊನೆಯಲ್ಲಿ ಸಹೀದಿಕ್ ಅನುವಾದಕ ‘ದೇವರು’ ಎಂಬುದಕ್ಕೆ ಅನಿಶ್ಚಿತ ಉಪಪದ ಬಳಸಿದ್ದಾನೆ. ಅದು ‘ಒಬ್ಬ ದೇವರು’ ಎಂದು ಹೇಳುತ್ತದೆಯೋ, ದೈವತ್ವದ ಗುಣವನ್ನು ಮಾತ್ರ ಸೂಚಿಸುತ್ತದೆಯೋ ಎಂಬ ವಿಷಯದಲ್ಲಿ ದೇವತಾಶಾಸ್ತ್ರದ ವಾದ ದೀರ್ಘವಾಗಿ ನಡೆದಿದೆ. ಆ ಉಪಪದ ಹಿಂದಿನ ಪದದೊಡನೆ ಕೂಡಿ ಒಂದೇ ಅಕ್ಷರವಾಗಿ ಉಳಿದಿರುವುದರಿಂದ, ಇಂತಹ ಕಡೆ ಊಡಿಸಿದ ಪಠ್ಯವನ್ನಷ್ಟೇ ನಂಬದೆ ಹಾಳೆಯ ಚಿತ್ರವನ್ನು ನೋಡುವುದು ಕ್ಷೇಮ.

ಬಳಕೆಯ ಕೆಲವು ಸೂಚನೆಗಳು

ಹಳೆಯ ಒಡಂಬಡಿಕೆಯ ಕಾಪ್ಟಿಕ್ ಅನುವಾದಗಳು ಹೀಬ್ರೂವಿನಿಂದಲ್ಲದೆ ಸೆಪ್ಟುಅಜಿಂಟ್ ಎಂಬ ಗ್ರೀಕ್ ಅನುವಾದದಿಂದ ಆದವುಗಳಾದ್ದರಿಂದ ಸಂಖ್ಯಾಕ್ರಮವೂ ಅದರದೇ. ಕನ್ನಡ ಬೈಬಲಿನ 23ನೆಯ ಕೀರ್ತನೆಯನ್ನು ಕಾಪ್ಟಿಕ್‌ನಲ್ಲಿ 22ನೆಯದಾಗಿ ಹುಡುಕಬೇಕು; ಸಮುವೇಲನ ಎರಡು ಗ್ರಂಥಗಳು ಅರಸುಗಳ ಮೊದಲನೆಯ ಮತ್ತು ಎರಡನೆಯ ಗ್ರಂಥಗಳಾಗಿರುತ್ತವೆ. ಹುಡುಕಿದ ಅಧ್ಯಾಯ ಸಿಗದಿದ್ದರೆ ಅದು ಉಳಿದೇ ಇಲ್ಲದಿರುವ ಸಾಧ್ಯತೆಯೂ ಇದೆ: ಬೊಹೈರಿಕ್‌ನಲ್ಲಿ ಐತಿಹಾಸಿಕ ಗ್ರಂಥಗಳ ಬಹುಭಾಗ ಆರಾಧನೆಯಲ್ಲಿ ಓದುವ ಆಯ್ದ ಭಾಗಗಳಾಗಿ ಮಾತ್ರ ಉಳಿದಿದೆ.

ಛಾಯಾಚಿತ್ರಗಳ ಪೈಕಿ ವ್ಯಾಟಿಕನ್ ಗ್ರಂಥಾಲಯದವು ಅದರ ಸ್ವಂತ ತಾಣದಲ್ಲಿ, ಪ್ಯಾರಿಸ್ಸಿನವು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ‘ಗ್ಯಾಲಿಕಾ’ ತಾಣದಲ್ಲಿ ದೊರೆಯುತ್ತವೆ, ಪ್ಯಾರಿಸ್ಸಿನ ಬೈಬಲ್ ಹಾಳೆಗಳಿಗೆ ‘ಕಾಪ್ಟ್ 129’ ಎಂಬ ಸಂಖ್ಯೆಯಿಂದ ಆರಂಭಿಸುವುದು ಅನುಕೂಲ. ಬ್ರಿಟಿಷ್ ಗ್ರಂಥಾಲಯದ ಮೇಲೆ 2023ರ ಅಕ್ಟೋಬರಿನಲ್ಲಿ ನಡೆದ ಸೈಬರ್ ದಾಳಿಯಿಂದ ಅದರ ಡಿಜಿಟಲ್ ಹಸ್ತಪ್ರತಿಗಳು ಬಹುಕಾಲ ಕಾಣದಾದುವು. ಹೀಗಾಗಿ ಕೆಲಸಕ್ಕೆ ಬೇಕಾದ ಚಿತ್ರಗಳ ಪ್ರತಿಯನ್ನು, ಪರವಾನಗಿ ಇರುವಲ್ಲಿ, ಇಳಿಸಿಟ್ಟುಕೊಳ್ಳುವುದು ಒಳಿತು. ಪರವಾನಗಿಯ ಪ್ರಶ್ನೆ ಪಠ್ಯಗಳಿಗೂ ಅನ್ವಯಿಸುತ್ತದೆ. ಕಾಪ್ಟಿಕ್ ಸ್ಕ್ರಿಪ್ಟೋರಿಯಂನ ಪಠ್ಯಗಳಲ್ಲಿ ಹೆಚ್ಚಿನವು ಮುಕ್ತ ಪರವಾನಗಿಯಲ್ಲಿವೆ, ಹಾರ್ನರ್ ಕಾಲದ ಮುದ್ರಣಗಳು ಸಾರ್ವಜನಿಕ ಸ್ವತ್ತಾಗಿವೆ. ಕ್ವೆಕೆ ಅವರದೂ ಸೇರಿದಂತೆ 20ನೆಯ ಶತಮಾನದ ಉತ್ತರಾರ್ಧದ ಉತ್ತಮ ಸಂಪಾದನೆಗಳು ಇನ್ನೂ ಹಕ್ಕುಸ್ವಾಮ್ಯಕ್ಕೆ ಒಳಪಟ್ಟಿವೆ. ನೂರು ವರ್ಷ ಹಳೆಯ ಪಾಠ ಸುಲಭವಾಗಿ ಸಿಗುವುದು, ಅದಕ್ಕಿಂತ ಉತ್ತಮವಾದ ಪಾಠಕ್ಕಾಗಿ ಗ್ರಂಥಾಲಯದ ಕಪಾಟಿಗೇ ಹೋಗಬೇಕಾಗುವುದು ಈ ಕಾರಣದಿಂದ.