ಚುಕ್ಕಿ ಇರೋದು ಗಾಜಿನಲ್ಲಿ

ಕೆಲವು ವರ್ಷಗಳ ಹಿಂದಿನ ಮಾತು. ಗಡಿಯ ಕಾರ್ಯಾಚರಣೆಯೊಂದರ ಬಗ್ಗೆ ರಾತ್ರಿಯ ಕಾರ್ಯಕ್ರಮ ನಡೆಸ್ತಿದ್ದೆ. ನಮ್ಮ ಗ್ರಾಫಿಕ್ಸ್ ಹುಡುಗರು ಭರ್ಜರಿ ದೃಶ್ಯವೊಂದನ್ನು ಮಾಡಿಟ್ಟಿದ್ದರು. ಕತ್ತಲಲ್ಲಿ ಉಗ್ರನ ಎದೆಯ ಮೇಲೆ ಕೆಂಪು ಚುಕ್ಕಿ ಬಂದು ಕೂರುತ್ತೆ, ಮರುಕ್ಷಣ ಗುಂಡು! ಕೆಳಗೆ ದಪ್ಪಕ್ಷರದಲ್ಲಿ 'ರೆಡ್ ಡಾಟ್ ಸೈಟ್'. ನಾನೂ ಏರುದನಿಯಲ್ಲಿ ಅದನ್ನೇ ವಿವರಿಸಿದೆ. ಕಾರ್ಯಕ್ರಮ ಮುಗಿದು ಮೈಕ್ ತೆಗೆಯುವಷ್ಟರಲ್ಲಿ ಕೊಡಗಿನಿಂದ ಒಂದು ಫೋನ್. ನಿವೃತ್ತ ಸುಬೇದಾರರು.

"ಸಾರ್, ಎದೆ ಮೇಲೆ ಬೀಳೋದು ಲೇಸರ್. ರೆಡ್ ಡಾಟ್ ಯಾರ ಮೇಲೂ ಬೀಳಲ್ಲ. ಅದು ನಮ್ಮ ಬಂದೂಕಿನ ಗಾಜಿನೊಳಗೇ ಇರುತ್ತೆ, ನಮ್ಮ ಕಣ್ಣಿಗೇ ಕಾಣುತ್ತೆ. ಎದುರಿನವನಿಗೆ ಗೊತ್ತಾದ್ರೆ ಇನ್ನೇನು ಬಂತು?"

ನಾಚಿಕೆ ಆಯ್ತು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ, ಪುಣ್ಯಕ್ಕೆ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯೋ ಪೈಪೋಟಿ ಇರುತ್ತಲ್ಲ, ಅದನ್ನೇ ಇಟ್ಟುಕೊಂಡು ಪಾಠ ಮಾಡಿದರು. ಸಾಮಾನ್ಯ ಬಂದೂಕಿನಲ್ಲಿ ಗುರಿ ಹಿಡಿಯುವವನು ಮೂರು ವಸ್ತುಗಳನ್ನು ಒಂದೇ ಗೆರೆಗೆ ತರಬೇಕು. ಕಣ್ಣಿನ ಹತ್ತಿರದ ಕಚ್ಚು, ನಳಿಗೆಯ ತುದಿಯ ಮೊನೆ, ಆಚೆ ಕಾಯಿ. ಮೂರೂ ಮೂರು ದೂರದಲ್ಲಿವೆ. ಮನುಷ್ಯನ ಕಣ್ಣು ಒಂದೇ ಸಲಕ್ಕೆ ಒಂದನ್ನು ಮಾತ್ರ ಸ್ಪಷ್ಟವಾಗಿ ನೋಡಬಲ್ಲದು. ಮೊನೆ ನೋಡಿದರೆ ಕಾಯಿ ಮಸುಕು, ಕಾಯಿ ನೋಡಿದರೆ ಮೊನೆ ಮಸುಕು. ನಲವತ್ತು ದಾಟಿ ಚಾಳೀಸು ಬಂತೋ, ಮೊನೆಯ ಕತೆ ಮುಗೀತು.

ಈ ತಾಪತ್ರಯಕ್ಕೆ ಮದ್ದು ಕಂಡುಹಿಡಿದವನು ಯಾರು ಗೊತ್ತಾ? ಸೇನಾಧಿಕಾರಿಯಲ್ಲ. ನಕ್ಷತ್ರ ನೋಡುವ ದೂರದರ್ಶಕ ಮಾಡ್ತಿದ್ದ ಐರ್ಲೆಂಡಿನ ಹೋವರ್ಡ್ ಗ್ರಬ್. ಡಬ್ಲಿನ್‌ನಲ್ಲಿ ಇವರ ಕಾರ್ಖಾನೆ. ಕೊಡೈಕೆನಾಲ್ ವೀಕ್ಷಣಾಲಯಕ್ಕೆ 1912ರಲ್ಲಿ ಪುಣೆಯಿಂದ ಬಂದ 20 ಇಂಚಿನ ದೂರದರ್ಶಕವೂ ಗ್ರಬ್ ಕಾರ್ಖಾನೆಯದ್ದೇ; ಇವತ್ತು ಆ ವೀಕ್ಷಣಾಲಯವನ್ನು ನಡೆಸುತ್ತಿರುವುದು ನಮ್ಮ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್. 1900ರಲ್ಲಿ ಗ್ರಬ್ ಒಂದು ಪೇಟೆಂಟ್ ಪಡೆದರು. ಉಪಾಯ ಸರಳ. ಬೆಳಕಿನ ಒಂದು ಗುರುತನ್ನು ಗಾಜಿನ ಮೇಲೆ ಪ್ರತಿಫಲಿಸಬೇಕು, ಅದೂ ಹೇಗೆ? ಆ ಗುರುತು ಗಾಜಿನಲ್ಲಲ್ಲ, ದೂರದ ನಕ್ಷತ್ರದ ಹಾಗೆ ಅನಂತದಲ್ಲಿದೆ ಅಂತ ಕಣ್ಣು ನಂಬುವಂತೆ. ಆಗ ಗುರುತೂ ಸ್ಪಷ್ಟ, ಗುರಿಯೂ ಸ್ಪಷ್ಟ. ತಲೆ ಒಂಚೂರು ಅತ್ತಿತ್ತ ಸರಿದರೂ ಗುರುತು ಗುರಿ ಬಿಟ್ಟು ಹೆಚ್ಚು ಕದಲಲ್ಲ. ಒಂದು ಕಣ್ಣು ಮುಚ್ಚಿಕೊಳ್ಳೋ ಅಗತ್ಯವೂ ಇಲ್ಲ.

ಇದು ಮೊದಲು ಹೋಗಿದ್ದು ಸೈನಿಕನ ಕೈಗಲ್ಲ, ವಿಮಾನಕ್ಕೆ. 1918ರಲ್ಲಿ ಜರ್ಮನರು ಯುದ್ಧ ವಿಮಾನಗಳಿಗೆ ಹಾಕಿ ನೋಡಿದರು. ಎರಡನೇ ಮಹಾಯುದ್ಧದ ಹೊತ್ತಿಗೆ ಸ್ಪಿಟ್‌ಫೈರ್ ಪೈಲಟ್‌ನ ಮುಂದಿನ ಗಾಜಿನಲ್ಲಿ ಬೆಳಕಿನ ಉಂಗುರ ತೇಲ್ತಿತ್ತು. ಬಂದೂಕಿಗೆ ಯಾಕೆ ಬರಲಿಲ್ಲ? ಬಲ್ಬು ದೊಡ್ಡದು, ಬ್ಯಾಟರಿ ಭಾರ. ಪುಟ್ಟ ಎಲ್‌ಇಡಿ ಬಂದ ಮೇಲೆ, 1975ರಲ್ಲಿ, ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ ಮಾರುಕಟ್ಟೆಗೆ ತಂದಿತು. ಕೊಂಡವರು ಓಡುವ ಪ್ರಾಣಿಗೆ ಗುರಿಯಿಡಬೇಕಿದ್ದ ಬೇಟೆಗಾರರು. ಅಮೆರಿಕದ ಸೇನೆ ಇದನ್ನು ಸಾಮಾನ್ಯ ಸೈನಿಕನ ರೈಫಲ್ಲಿಗೆ ಅಂತ ಆರಿಸಿದ್ದು 1997ರಲ್ಲಿ. ನಮ್ಮ ವಿಶೇಷ ಪಡೆಗಳ ಇಸ್ರೇಲಿ ಟೇವರ್ ರೈಫಲ್ ಮೇಲಿರುವ ಮೆಪ್ರೊ ಸೈಟ್ ಇದೇ ಜಾತಿಯದು, ಅದಕ್ಕಂತೂ ಬ್ಯಾಟರಿಯೇ ಬೇಡ. ಹಾಗಂತ ಇದು ಮಾಯಾಪೆಟ್ಟಿಗೆಯಲ್ಲ. ದೂರದ್ದನ್ನು ದೊಡ್ಡದು ಮಾಡಲ್ಲ. ಅಸ್ಟಿಗ್ಮ್ಯಾಟಿಸಂ ಇರೋರಿಗೆ ಚುಕ್ಕಿ ಒಡೆದ ನಕ್ಷತ್ರದಂತೆ ಕಾಣುತ್ತೆ.

ನಡುವಿನ ಒಂದು ಕತೆಯನ್ನು ಬೇಕಂತಲೇ ಬಿಟ್ಟಿದ್ದೇನೆ. ನನ್ನ ಮಟ್ಟಿಗೆ ಈ ಚುಕ್ಕಿಯ ಇತಿಹಾಸ ಅಂದ್ರೆ ಅದೇ.

1970. ವಿಯೆಟ್ನಾಂ ಯುದ್ಧ. ಹನೋಯ್‌ಗೆ ನಲವತ್ತು ಕಿಲೋಮೀಟರ್ ಒಳಗಿನ ಸೋನ್ ತಾಯ್ ಎಂಬಲ್ಲಿ ಅಮೆರಿಕನ್ ಯುದ್ಧಕೈದಿಗಳಿದ್ದಾರೆ ಅಂತ ಸುದ್ದಿ. ರಾತ್ರೋರಾತ್ರಿ ಇಳಿದು ಬಿಡಿಸಿಕೊಂಡು ಬರೋ ಯೋಜನೆ. ನಾಯಕ ಕರ್ನಲ್ ಆರ್ಥರ್ ಸೈಮನ್ಸ್, ಜೊತೆಗೆ ಆರಿಸಿ ತೆಗೆದ ಕಮಾಂಡೋಗಳು. ಫ್ಲಾರಿಡಾದಲ್ಲಿ ತಿಂಗಳುಗಟ್ಟಲೆ ತಾಲೀಮು. ಆದರೆ ಕತ್ತಲಲ್ಲಿ ಈ ಪಳಗಿದ ಕೈಗಳೂ ಗುರಿ ತಪ್ಪುತ್ತಿದ್ದವು. ಕಚ್ಚು, ಮೊನೆ ಕಂಡರೆ ತಾನೇ? ಕೈದಿಗಳ ನಡುವೆ ನಿಂತ ಕಾವಲುಗಾರನಿಗೆ ಹೊಡೆಯಬೇಕು, ಗುಂಡು ಒಂದಡಿ ಆಚೀಚೆ ಆದರೆ ಬಿಡಿಸಲು ಹೋದವನೇ ಸಾಯ್ತಾನೆ. ಸೇನೆಯ ಉಗ್ರಾಣದಲ್ಲಿ ಇದಕ್ಕೆ ಪರಿಹಾರ ಇರಲಿಲ್ಲ. ಸಿಕ್ಕಿದ್ದು ಅಂಗಡಿಯಲ್ಲಿ! ಸಿಂಗಲ್‌ಪಾಯಿಂಟ್ ಅನ್ನೋ ಸೈಟು, ಒಂದಕ್ಕೆ ಸುಮಾರು 50 ಡಾಲರ್. ಅದೊಂದು ಮುಂದೆ ಮುಚ್ಚಿದ ಕೊಳವೆ. ಬಲಗಣ್ಣಿಗೆ ಕೆಂಪು ಚುಕ್ಕಿ ಮಾತ್ರ, ಎಡಗಣ್ಣಿಗೆ ಗುರಿ ಮಾತ್ರ. ಎರಡನ್ನೂ ಕೂಡಿಸೋದು ಮಿದುಳು. ಅದನ್ನು ಹಾಕಿದ ಮೇಲೆ ರಾತ್ರಿಯ ಗುರಿ ದಂಗಾಗುವಷ್ಟು ಸುಧಾರಿಸಿತು.

ನವೆಂಬರ್ 21ರ ನಸುಕು. ಥಾಯ್ಲೆಂಡಿನಿಂದ ಹಾರಿದ ಹೆಲಿಕಾಪ್ಟರ್‌ಗಳಿಂದ 56 ಮಂದಿ ಇಳಿದರು. ನೆಲದ ಮೇಲಿದ್ದಿದ್ದು ಅರ್ಧ ಗಂಟೆಗೂ ಕಡಿಮೆ. ದಾಳಿಗೆ ಹೋದವರಲ್ಲಿ ಒಬ್ಬನೂ ಸಾಯಲಿಲ್ಲ. ಕೋಣೆ ಕೋಣೆ ಹುಡುಕಿದರು. ರೇಡಿಯೋದಲ್ಲಿ ಬಂದ ವರದಿ: ಕೈದಿಗಳು ಇಲ್ಲ.

ಒಬ್ಬನೂ ಇರಲಿಲ್ಲ ಸ್ವಾಮಿ. ಜುಲೈನಲ್ಲೇ ಅವರನ್ನೆಲ್ಲ ಬೇರೆ ಕಡೆ ಸಾಗಿಸಿಯಾಗಿತ್ತು. ಈ ಕಮಾಂಡೋಗಳು ಫ್ಲಾರಿಡಾದಲ್ಲಿ ಗುರಿ ಕಲಿಯುತ್ತಿದ್ದಷ್ಟೂ ದಿನ ಆ ಜೈಲು ಖಾಲಿ.

ಇಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ದಾಳಿಯಿಂದ ಬೆಚ್ಚಿದ ಉತ್ತರ ವಿಯೆಟ್ನಾಂ, ಹೊರಗಿನ ಶಿಬಿರಗಳಲ್ಲಿ ಚದುರಿದ್ದ ಕೈದಿಗಳನ್ನು ಹನೋಯ್ ನಗರದೊಳಗಿನ ಜೈಲುಗಳಿಗೆ ತಂದು ಹಾಕಿತು. ಜಾಗ ಸಾಲದೆ ಒಂದೊಂದು ಕೋಣೆಗೆ ಹತ್ತಾರು ಜನ. ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ, ಗೋಡೆ ತಟ್ಟಿ ಮಾತಾಡಿಕೊಂಡಿದ್ದವರು ಮೊದಲ ಬಾರಿಗೆ ಒಬ್ಬರ ಮುಖ ಒಬ್ಬರು ನೋಡಿದರು.

ಸುಬೇದಾರರಿಗೆ ಮತ್ತೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಗ್ರಾಫಿಕ್ಸ್ ತೆಗೆಸಿದ್ರಾ ಸಾರ್?" ಅಂದರು. ಮಾರನೇ ದಿನವೇ ತೆಗೆಸಿದ್ದೆ.